ಅಪ್ಪಾಜಿಯ ಎಡಗಡೆ ಕನ್ನಡಿ

ಸಂಜೆ ಆರೂವರೆ ಆಯ್ತು ಅಂದ್ರೆ ಸಾಕು, ನನ್ನ ಲಾರಿಗೆ ದೆವ್ವ ಹಿಡಿಯುತ್ತಿತ್ತು. ಅಲ್ಲಿಯವರೆಗೂ ನೆಟ್ಟಗೆ ಕಾಣುತ್ತಿದ್ದ ರಸ್ತೆ ಗಿರ್ರನೆ ತಿರುಗಿ, ನಾನು ಕ್ಯಾಬಿನ್ನಿನ ಚಾವಣಿ ನೋಡುತ್ತಾ ಕೂರುವಂತಾಗುತ್ತಿತ್ತು. ಅಷ್ಟರಲ್ಲಿ ಲಾರಿ ಬೇಲಿಗೆ ಗುದ್ದಿರುತ್ತಿತ್ತು. ಹೀಗೆ ಐದು ದಿನ.

ಗಾಬರಿಯಾಗಬೇಡಿ, ಇದು ಕಂಪ್ಯೂಟರಿನೊಳಗಿನ ಲಾರಿ. ಯೂರೋ ಟ್ರಕ್ ಸಿಮ್ಯುಲೇಟರ್ 2 ಅಂತ ಒಂದು ಆಟ. 2012ರಲ್ಲಿ ಬಂದದ್ದು, ಇವತ್ತಿಗೂ ಜನ ಆಡುತ್ತಾರೆ. ಒಂದೂರಿನಿಂದ ಇನ್ನೊಂದೂರಿಗೆ ಸರಕು ಸಾಗಿಸಬೇಕು, ಅಷ್ಟೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಿಂಗಳಲ್ಲಿ ಎರಡು ವಾರ ಪಾಂಡವಪುರದ ಹತ್ತಿರದ ನಮ್ಮೂರಿನಿಂದಲೇ ಕೆಲಸ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಈ ಲಾರಿ ಓಡಿಸುವುದು ನನ್ನ ಚಟ.

ಈ ಆಟದಲ್ಲಿ ಒಂದು ಕಿರಿಕಿರಿ ಇದೆ. ಪಕ್ಕದ ಕನ್ನಡಿ ನೋಡಬೇಕಾದರೆ ಮೌಸ್ ಎಳೆಯಬೇಕು. ಅದಕ್ಕೆ ಪರಿಹಾರ ಹೆಡ್ ಟ್ರ್ಯಾಕರ್. ನೀವು ತಲೆ ತಿರುಗಿಸಿದ ಕಡೆಗೆ ಆಟದ ನೋಟವೂ ತಿರುಗುತ್ತದೆ. ಕಣ್ಣು ಪರದೆ ಬಿಟ್ಟು ಹೋಗಬಾರದಲ್ಲ, ಅದಕ್ಕೇ ನೀವು ಇಪ್ಪತ್ತು ಡಿಗ್ರಿ ತಿರುಗಿದರೆ ಒಳಗಿನ ಡ್ರೈವರು ನೂರು ಡಿಗ್ರಿ ತಿರುಗುವ ಹಾಗೆ ಲೆಕ್ಕ ಹಾಕಿಡಬಹುದು. ಅಂಗಡಿಯಲ್ಲಿ ಸಿಗುವ ಟ್ರ್ಯಾಕರ್ ದುಬಾರಿ. ನಾನು ಮಂಡ್ಯ ಜಿಲ್ಲೆಯ ಹುಡುಗ. ಸಾವಿರಾರು ರೂಪಾಯಿ ಕೊಡೋ ಬದಲು ಇದ್ದುದರಲ್ಲೇ ಮಾಡ್ಕೊಳ್ಳೋಣ ಅಂತ ಹೊರಟೆ.

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಹಳೆಯ ವೆಬ್‌ಕ್ಯಾಮೆರಾ, ಒಂದು ಹಳೆಯ ಹೆಡ್‌ಫೋನು, ಮೂರು ಇನ್‌ಫ್ರಾರೆಡ್ ಎಲ್‌ಇಡಿ, ಒಂದು ರೆಸಿಸ್ಟರ್. ಟಿವಿ ರಿಮೋಟಿನ ಮೂತಿಯಲ್ಲಿರುತ್ತದಲ್ಲ, ಅದೇ ಎಲ್‌ಇಡಿ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಬೇಕಿದ್ದರೆ ಮೊಬೈಲಿನ ಮುಂದಿನ ಕ್ಯಾಮೆರಾ ತೆರೆದು, ರಿಮೋಟನ್ನು ಅದರತ್ತ ಹಿಡಿದು ಗುಂಡಿ ಒತ್ತಿ ನೋಡಿ, ನೇರಳೆ ಚುಕ್ಕೆ ಮಿನುಗುತ್ತದೆ. ಇಂಥ ಮೂರು ಚುಕ್ಕೆಗಳನ್ನು ಹೆಡ್‌ಫೋನಿನ ಎಡಗಿವಿಯ ಪಕ್ಕ ಒಂದು ಕಡ್ಡಿಗೆ ಕಟ್ಟಿದರೆ, ಅವುಗಳ ನಡುವಿನ ಅಂತರ ಹೇಗೆ ಬದಲಾಯಿತು ಅನ್ನುವುದರಿಂದ ತಲೆ ಎತ್ತ ತಿರುಗಿತು ಅಂತ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಲೆಕ್ಕ ಹಾಕುತ್ತದೆ. ಅದರ ಕಿಟಕಿಯಲ್ಲಿ ಗುಲಾಬಿ ಬಣ್ಣದ ಒಂದು ಆಕ್ಟೋಪಸ್ ಇರುತ್ತದೆ. ನೀವು ತಲೆಯಾಡಿಸಿದರೆ ಅದೂ ಆಡಿಸುತ್ತದೆ.

ಶ್ರೀರಂಗಪಟ್ಟಣದ ಒಬ್ಬ ಟಿವಿ ರಿಪೇರಿಯವರು ಕೆಟ್ಟ ರಿಮೋಟುಗಳ ಒಂದು ಚೀಲವನ್ನೇ ನನ್ನ ಮುಂದೆ ಸುರಿದು, “ಎಷ್ಟು ಬೇಕೋ ಕಿತ್ಕೊಳ್ಳಿ ಸಾರ್” ಅಂದರು. ಮೂರು ಕಿತ್ತು ತಂದೆ. ಒಂದೊಂದಕ್ಕೂ ಸುಮಾರು 1.3 ವೋಲ್ಟ್, ಮೂರಕ್ಕೆ ನಾಲ್ಕರ ಹತ್ತಿರ, ಯುಎಸ್‌ಬಿಯಿಂದ ಬರುವುದು ಐದು. ಉಳಿದದ್ದಕ್ಕೆ 22 ಓಮಿನ ರೆಸಿಸ್ಟರ್ ಸಾಕಾಯಿತು. ಕ್ಯಾಮೆರಾದ ಲೆನ್ಸಿನ ಹಿಂದೆ ಇನ್‌ಫ್ರಾರೆಡ್ ತಡೆಯುವ ಸಣ್ಣ ಗಾಜೊಂದಿರುತ್ತದೆ. ಅದನ್ನು ತೆಗೆದು, ಕಾಣುವ ಬೆಳಕನ್ನು ತಡೆಯಲು ಫೋಟೊ ನೆಗೆಟಿವಿನ ಕಪ್ಪು ತುದಿ ಹಾಕಬೇಕು. ಈಗಿನ ಕಾಲದಲ್ಲಿ ನೆಗೆಟಿವ್ ಎಲ್ಲಿಂದ ತರೋದು? ಕೆ.ಆರ್. ಪೇಟೆಯ ಸೋದರಮಾವನ ಮನೆಯ ಟ್ರಂಕಿನಲ್ಲಿ ಅವರ ಮದುವೆಯ ರೀಲುಗಳಿದ್ದವು. ಅತ್ತೆಯ ಕಣ್ಣು ತಪ್ಪಿಸಿ ಎರಡು ತುಂಡು ಕತ್ತರಿಸಿಕೊಂಡು ಬಂದೆ. ಬರೀ ಕಪ್ಪು ತುದಿ ಅತ್ತೆ, ಧಾರೆಯ ಫೋಟೊ ಮುಟ್ಟಿಲ್ಲ. ಇದನ್ನು ಓದಿದರೆ ಕ್ಷಮಿಸಿ.

ಮಾಡುವುದಕ್ಕೆ ಎರಡು ದಿನ ಹಿಡಿಯಿತು, ಸರಿಪಡಿಸುವುದಕ್ಕೆ ಎರಡು ತಿಂಗಳು. ಬೇರೆ ಬೇರೆ ರಿಮೋಟಿನ ಎಲ್‌ಇಡಿಗಳಾದ್ದರಿಂದ ಒಂದು ಮಂಕಾಗಿತ್ತು, ಆಗಾಗ ಮಾಯವಾಗುತ್ತಿತ್ತು. ಬೆಂಗಳೂರಿನಿಂದ ಮೂರೂ ಒಂದೇ ಥರದವನ್ನು ತಂದೆ. ತಲೆ ಸ್ವಲ್ಪ ಜಾಸ್ತಿ ತಿರುಗಿಸಿದರೆ ಚುಕ್ಕೆ ಕಳೆದುಹೋಗುತ್ತಿತ್ತು. ಎಲ್‌ಇಡಿಯ ಗುಂಡಗಿನ ತಲೆ ಬೆಳಕನ್ನು ಟಾರ್ಚಿನ ಹಾಗೆ ಒಂದೇ ಕಡೆ ಚೆಲ್ಲುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮಟ್ಟ ಮಾಡಿದ ಮೇಲೆ ಬೆಳಕು ಹರಡಿಕೊಂಡಿತು. ಮಧ್ಯಾಹ್ನ ಪಡುವಣ ಕಿಟಕಿಯಿಂದ ಬಿಸಿಲು ಬಿದ್ದರೆ ಎಲ್ಲವೂ ಅಯೋಮಯ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿರುತ್ತದೆ. ಕಿಟಕಿಗೆ ಅವ್ವನ ಹಳೇ ಸೀರೆ ಕಟ್ಟಿದೆ.

ಉಳಿದದ್ದು ಈ ಆರೂವರೆಯ ದೆವ್ವ. ಸೆಟ್ಟಿಂಗು ಬದಲಿಸಿದೆ, ವೈರು ಬದಲಿಸಿದೆ, ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಆರನೆಯ ದಿನ ಆಟ ಬಿಟ್ಟು, ಕ್ಯಾಮೆರಾಕ್ಕೆ ಏನು ಕಾಣುತ್ತಿದೆ ಅಂತಲೇ ನೋಡುತ್ತಾ ಕುಳಿತೆ. ಕಪ್ಪು ಪರದೆಯ ಮೇಲೆ ನನ್ನ ಮೂರು ಚುಕ್ಕೆ. ಆರೂವರೆಗೆ ಸರಿಯಾಗಿ ನಾಲ್ಕನೆಯದು ಹೊತ್ತಿಕೊಂಡಿತು! ತಿರುಗಿ ನೋಡಿದರೆ, ನನ್ನ ಬೆನ್ನ ಹಿಂದಿನ ಬಾಗಿಲಿನಾಚೆ ಅವ್ವ ದೇವರ ಗೂಡಿಗೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಮನೆಯ ಎಲ್‌ಇಡಿ ಬಲ್ಬು ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ಎಣ್ಣೆಯ ದೀಪದ ಉರಿ ಕಾಣುತ್ತಿತ್ತು.

“ಅವ್ವ, ನಿನ್ನ ದೀಪದಿಂದ ನನ್ನ ಲಾರಿ ಪಲ್ಟಿ ಆಗ್ತೈತೆ” ಅಂದೆ.

“ದೇವರ ದೀಪದಿಂದ ಯಾರ ಲಾರೀನೂ ಪಲ್ಟಿ ಆಗಕಿಲ್ಲ ಕಣಪ್ಪ. ನೀನೇ ಮೇಜು ಆ ಕಡಿಕೆ ತಿರುಗಿಸ್ಕೋ” ಅಂದಳು. ತಿರುಗಿಸಿಕೊಂಡೆ.

ಇಷ್ಟೂ ದಿನ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಅಪ್ಪಾಜಿ. ಅವರು ಇಪ್ಪತ್ತೆಂಟು ವರ್ಷ ನಿಜವಾದ ಲಾರಿ ಓಡಿಸಿದವರು. ಕಬ್ಬಿನ ಕಾಲದಲ್ಲಿ ಕೆ.ಆರ್. ಪೇಟೆ ಕಡೆಯಿಂದ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು, ಉಳಿದಂತೆ ನಾಗಮಂಗಲ ಸೀಮೆಯಿಂದ ತೆಂಗಿನಕಾಯಿ. “ಏನ್ಲಾ ಮಗ, ಕನ್ನಡಿ ನೋಡ್ದಂಗೇ ಎಡಕ್ಕೆ ಎಳೀತೀಯಲ್ಲ, ಯಾವನ್ಲಾ ನಿಂಗೆ ಲೈಸನ್ಸ್ ಕೊಟ್ಟೋನು?” ಅಂತ ಹಿಂದಿನಿಂದ ಬೈಯೋರು.

ಇಲ್ಲಿ ಒಂದು ಹಳೇ ಮಾತು ಹೇಳಬೇಕು. 2017ರಲ್ಲಿ, ನಾನು ಎಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿನಲ್ಲಿದ್ದಾಗ, ಅಪ್ಪಾಜಿ ಇದ್ದಕ್ಕಿದ್ದಂತೆ ಲಾರಿ ಮಾರಿದರು. ಕೇಳಿದ್ದಕ್ಕೆ “ಸಾಕಾಯ್ತು” ಅಂದರು, ಅಷ್ಟೆ. ಆಗ ಅವರಿಗೆ ಐವತ್ತೆರಡು. ಮನೆಯ ಸಾಲ, ತಂಗಿಯ ಓದು ಎಲ್ಲ ನನ್ನ ತಲೆಗೆ ಬಂತು. ಮುಂದೆ ಓದುವ ಆಸೆ ಬಿಟ್ಟು, ಸಿಕ್ಕ ಮೊದಲ ಕೆಲಸಕ್ಕೆ ಸೇರಿಕೊಂಡೆ. ಒಂದು ದಿನ ಕೋಪದಲ್ಲಿ, “ಬೇರೆಯವರ ಅಪ್ಪಂದಿರು ಅರವತ್ತಾದ್ರೂ ದುಡೀತಾರೆ” ಅಂದುಬಿಟ್ಟಿದ್ದೆ. ಅಪ್ಪಾಜಿ ಏನೂ ಅನ್ನಲಿಲ್ಲ. ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋದರು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ.

“ಬನ್ನಿ ಅಪ್ಪಾಜಿ, ನೀವೇ ಓಡಿಸಿ ನೋಡುವಾ” ಅಂದೆ ಒಂದು ಭಾನುವಾರ. ಬ್ರಿಟನ್ನಿನ ರಸ್ತೆ ಆರಿಸಿಕೊಂಡೆ. ಅಲ್ಲಿ ನಮ್ಮ ಹಾಗೇ ಎಡಬದಿಯ ಸಂಚಾರ, ಸ್ಟಿಯರಿಂಗು ಬಲಕ್ಕಿರುವ ಲಾರಿಯೂ ಸಿಗುತ್ತದೆ. ಹೆಡ್‌ಫೋನು ಹಾಕಿ, ಸೆಕೆಂಡ್ ಹ್ಯಾಂಡ್ ಆಟದ ಸ್ಟಿಯರಿಂಗನ್ನು ಕೈಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಗೇರು, ಬ್ರೇಕು ಎಲ್ಲ ಅಭ್ಯಾಸವಾಯಿತು. ಆದರೆ ಟ್ರ್ಯಾಕರ್ ಕೈಕೊಟ್ಟಿತು. ಬಲಕ್ಕೆ ನೋಡಿದರೆ ಸರಿ. ಎಡಕ್ಕೆ ನೋಡಿದರೆ ನೋಟ ಅರ್ಧಕ್ಕೇ ನಿಲ್ಲುತ್ತಿತ್ತು, ಇಲ್ಲವೇ ಚುಕ್ಕೆ ಪೂರ್ತಿ ತಪ್ಪಿಹೋಗುತ್ತಿತ್ತು.

ನನಗೆ ಕಾರಣ ಗೊತ್ತು ಅನ್ನಿಸಿತು. ಎಲ್‌ಇಡಿಯ ಕಡ್ಡಿ ಇದ್ದದ್ದು ಎಡಗಿವಿಯ ಕಡೆ. ಎಡಕ್ಕೆ ತಿರುಗಿದರೆ ಆ ಕಿವಿ ಕ್ಯಾಮೆರಾದಿಂದ ಹಿಂದೆ ಸರಿಯುತ್ತದೆ, ಚುಕ್ಕೆಗಳು ಮರೆಯಾಗುತ್ತವೆ. ಇಂಥ ಟ್ರ್ಯಾಕರಿನ ಮಾಮೂಲಿ ಕಾಯಿಲೆ. ಚುಕ್ಕೆ ಪೂರ್ತಿ ತಪ್ಪಿದ್ದಕ್ಕೆ ಇನ್ನೊಂದು ಕಾರಣ ಇತ್ತು: ಅಪ್ಪಾಜಿ ಕತ್ತಿನ ಬದಲು ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಿ, ಕ್ಯಾಮೆರಾದ ಚೌಕಟ್ಟಿನಿಂದ ಆಚೆ ಹೋಗುತ್ತಿದ್ದರು.

“ಭುಜ ಅಲ್ಲಾಡಿಸಬೇಡಿ ಅಪ್ಪಾಜಿ, ಬರೀ ಕತ್ತು ತಿರುಗಿಸಿ.”

“ತಿರುಗಿಸ್ತಾನೇ ಇವ್ನಿ ಕಣ್ಲಾ.”

ಪರದೆಯ ಮೇಲೆ ಅಂಕಿ ನೋಡಿದೆ. ಬಲಕ್ಕೆ ಐವತ್ತರ ಹತ್ತಿರ. ಎಡಕ್ಕೆ ಹದಿನಾಲ್ಕು.

ಕಡ್ಡಿಯನ್ನು ಬಿಚ್ಚಿ ಬಲಗಿವಿಯ ಕಡೆಗೆ ಕಟ್ಟಿದೆ. ನಮ್ಮ ಕೆಲಸದಲ್ಲಿ ದೋಷ ಹುಡುಕುವ ಹಳೆಯ ಉಪಾಯ ಇದು: ಅನುಮಾನ ಇರುವ ಭಾಗವನ್ನು ಜಾಗ ಬದಲಿಸಬೇಕು. ದೋಷವೂ ಅದರ ಹಿಂದೆ ಹೋದರೆ ತಪ್ಪು ಆ ಭಾಗದ್ದು. ಈಗ ಅಪ್ಪಾಜಿಗೆ ಬಲಗಡೆ ತೊಂದರೆ ಬರಬೇಕಿತ್ತು. ಬರಲಿಲ್ಲ. ಬಲಕ್ಕೆ ಐವತ್ತು, ಎಡಕ್ಕೆ ಮತ್ತೆ ಹದಿನಾಲ್ಕು. ಚುಕ್ಕೆ ಮರೆಯಾದರೆ ಅಂಕಿ ಜಿಗಿಯುತ್ತದೆ ಅಥವಾ ತಟ್ಟನೆ ನಿಲ್ಲುತ್ತದೆ. ಇಲ್ಲಿ ಹಾಗಿರಲಿಲ್ಲ. ಹತ್ತು, ಹನ್ನೆರಡು, ಹದಿಮೂರು, ಹದಿನಾಲ್ಕು ಅಂತ ನಿಧಾನವಾಗಿ ಏರಿ ಅಲ್ಲೇ ನಡುಗುತ್ತಿತ್ತು. ಹೆಡ್‌ಫೋನು ನಾನು ಹಾಕಿಕೊಂಡು ನೋಡಿದೆ. ಎರಡೂ ಕಡೆ ಸಮ.

ಆಗ ಪರದೆ ಬಿಟ್ಟು ಅಪ್ಪಾಜಿಯ ಮುಖ ನೋಡಿದೆ. ಆಕ್ಟೋಪಸ್ಸು ನೋಡುತ್ತಾ ಕೂತಿದ್ದ ನನಗೆ ಅವರು ಹಲ್ಲು ಕಚ್ಚಿಕೊಂಡಿದ್ದು ಕಂಡೇ ಇರಲಿಲ್ಲ.

“ಎಷ್ಟು ದಿನದಿಂದ ಹಿಂಗೈತೆ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಲಾರಿ ಮಾರುವುದಕ್ಕೆ ಒಂದು ವರ್ಷ ಮುಂಚೆಯೇ ಶುರುವಾಗಿತ್ತಂತೆ. ನಮ್ಮ ಲಾರಿಗಳಲ್ಲಿ ಡ್ರೈವರು ಕೂರುವುದು ಬಲಕ್ಕೆ. ಬಲಗಡೆ ಕನ್ನಡಿ ಪಕ್ಕದಲ್ಲೇ. ಎಡಗಡೆಯದು ಇಡೀ ಕ್ಯಾಬಿನ್ನಿನ ಆಚೆ. ಕ್ಲೀನರ್ ಇದ್ದಾಗ ಅವನು “ರೈಟ್, ರೈಟ್” ಅಂತ ನೋಡಿ ಹೇಳೋನು. ಒಂಟಿಯಾಗಿದ್ದರೆ ಮೈಯನ್ನೇ ತಿರುಗಿಸಿ ನೋಡಿಕೊಳ್ಳೋರು. ಅದಕ್ಕೆ ಒಂದು ಗಳಿಗೆ ಜಾಸ್ತಿ ಬೇಕು. 2017ರ ಬೇಸಿಗೆಯಲ್ಲಿ ನಾಗಮಂಗಲದಿಂದ ತೆಂಗಿನಕಾಯಿ ತುಂಬಿಕೊಂಡು ಬರುವಾಗ, ಜಕ್ಕನಹಳ್ಳಿ ಹತ್ತಿರ ಎಡಕ್ಕೆ ಎಳೆದರು. ಎಡಗಡೆ ಒಬ್ಬ ಹುಡುಗ ಸೈಕಲ್ ಮೇಲೆ ಇದ್ದ.

“ಅವನ ಕೂಗು ಕೇಳ್ತು. ನಾನು ನೋಡ್ನಿಲ್ಲ, ಕೇಳ್ತು. ಬ್ರೇಕ್ ಹಾಕ್ದೆ. ಸೈಕಲ್ಲು ಚರಂಡೀಗೆ ಬಿದ್ದಿತ್ತು. ಹುಡುಗ ಎದ್ದು ಮಣ್ಣು ಕೊಡವ್ಕಂಡ, ಏನೂ ಆಗಿರ್ನಿಲ್ಲ. ನಿನ್ನ ತಂಗಿ ವಯಸ್ಸಿರ್ಬೋದು. ಆಮೇಲೆ ಸ್ಟಿಯರಿಂಗ್ ಹಿಡಿದ್ರೆ ಕೈ ನಡುಗೋದು.”

“ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ? ಪರೀಕ್ಷೆಗೆ ಓದ್ಕಂಡಿದ್ದೆ ನೀನು.”

ಎಂಟು ವರ್ಷದ ಹಿಂದೆ ತಟ್ಟೆಯ ಮುಂದೆ ನಾನಾಡಿದ ಮಾತು ನನ್ನ ಎದುರೇ ಕುಳಿತಿತ್ತು. ಕ್ಷಮಿಸಿ ಅನ್ನಬೇಕಿತ್ತು. ನಮ್ಮ ಮನೆಗಳಲ್ಲಿ ಅಪ್ಪನ ಹತ್ತಿರ ಆ ಪದ ಬಾಯಿಗೆ ಬರುವುದಿಲ್ಲ. “ನಾಳೆ ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸುವಾ” ಅಂದೆ. ಅವರಿಗೆ ಅರ್ಥವಾಯಿತು ಅನ್ನಿಸುತ್ತೆ. ಯಾವತ್ತೂ ಆಸ್ಪತ್ರೆ ಅಂದ್ರೆ ನೆಪ ಹೇಳೋರು, ಅವತ್ತು “ಹೂಂ” ಅಂದರು.

ಎಕ್ಸ್-ರೇ ತೆಗೆಸಿದೆವು. ಕತ್ತಿನ ಮೂಳೆ ಸವೆತ, ಸರ್ವೈಕಲ್ ಸ್ಪಾಂಡಿಲೋಸಿಸ್. ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಆದರೆ ವ್ಯಾಯಾಮ ಮಾಡಿದರೆ ಬಿಗಿತ ಕಡಿಮೆಯಾಗಬಹುದು ಅಂದರು ಡಾಕ್ಟರು. ಫಿಸಿಯೊಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಅಪ್ಪಾಜಿ ದಿನಾ ಬೆಳಗ್ಗೆ ಜಗಲಿಯ ಮೇಲೆ ಮಾಡುತ್ತಾರೆ. ಭಾನುವಾರ ಹೆಡ್‌ಫೋನು ಹಾಕಿ ಅಂಕಿ ನೋಡುತ್ತೇವೆ. ಇದು ಆಸ್ಪತ್ರೆಯ ಉಪಕರಣವಲ್ಲ, ಡಾಕ್ಟರಿಗೆ ಇದರ ಲೆಕ್ಕ ಬೇಕಾಗಿಯೂ ಇಲ್ಲ. ಆದರೂ ಹದಿನಾಲ್ಕು ಇದ್ದದ್ದು ಮೂರು ತಿಂಗಳಿಗೆ ಇಪ್ಪತ್ತೊಂದಾದಾಗ ಅವ್ವ ಪಾಯಸ ಮಾಡಿದಳು.

ಟ್ರ್ಯಾಕರಿನಲ್ಲಿ ನಾನು ಮಾಡಿದ ಕೊನೆಯ ರಿಪೇರಿ ಇಷ್ಟೆ. ಓಪನ್‌ಟ್ರ್ಯಾಕಿನಲ್ಲಿ ತಲೆಯ ತಿರುವಿಗೂ ಆಟದ ತಿರುವಿಗೂ ಸಂಬಂಧ ಕೊಡುವ ಒಂದು ಗೆರೆ ಇರುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಎಳೆಯಬಹುದು. ಅಪ್ಪಾಜಿಯ ಹೆಸರಿನಲ್ಲಿ ಒಂದು ಹೊಸ ಫೈಲು ಮಾಡಿ, ಎಡಗಡೆಯ ಗೆರೆಯನ್ನು ಕಡಿದಾಗಿ ಎಳೆದೆ. ಹನ್ನೆರಡು ಡಿಗ್ರಿ ತಿರುಗಿದರೆ ಸಾಕು, ಎಡಗಡೆ ಕನ್ನಡಿ ಪೂರ್ತಿ ಕಾಣುತ್ತದೆ.

ಮೊದಲ ಸಲ ಅದು ಕಂಡಾಗ ಅಪ್ಪಾಜಿ ಲಾರಿ ನಿಲ್ಲಿಸಿಬಿಟ್ಟರು. ಸುಮಾರು ಹೊತ್ತು ಕನ್ನಡಿಯನ್ನೇ ನೋಡಿದರು. ಆಮೇಲೆ ಇಂಡಿಕೇಟರ್ ಹಾಕಿ, ಮತ್ತೊಮ್ಮೆ ಕನ್ನಡಿ ನೋಡಿ, ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಈಗಲೂ ಪ್ರತಿ ತಿರುವಿನಲ್ಲೂ ಎರಡೆರಡು ಸಲ ನೋಡುತ್ತಾರೆ.

“ಈ ದೇಶದಲ್ಲಿ ಸೈಕಲ್ಲೇ ಇಲ್ವೇನ್ಲಾ?” ಅಂತ ಕೇಳಿದರು ಮೊನ್ನೆ.

“ನಾನು ಆಡಿದಷ್ಟು ದಿನ ಈ ಆಟದಲ್ಲಿ ಒಂದೂ ಕಂಡಿಲ್ಲ ಅಪ್ಪಾಜಿ.”

“ಇರ್ಲಿ. ನೋಡ್ಕಂಡು ಹೋಗಾದು ವಾಸಿ” ಅಂದರು.