ಎತ್ತಿನ ಹಲ್ಲು ಎಣಿಸಿದಂತೆ

ನಮ್ಮ ಮನೆತನದಲ್ಲಿ ಸಂತೆಗೆ ಹೋಗಿ ವಾಹನ ಆರಿಸಿ ತಂದವರಲ್ಲಿ ನಾನು ಎರಡನೆಯವನು. ಮೊದಲನೆಯವರು ನಮ್ಮ ಅಪ್ಪ. ಅವರು ತಂದದ್ದು ಎತ್ತು. ನಾನು ತಂದದ್ದು ಕಾರು. ಅದೂ ಹೊಚ್ಚ ಹೊಸದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಮತ್ತೊಬ್ಬರು ಒಂಬತ್ತು ವರ್ಷ ಓಡಿಸಿದ ಸಣ್ಣ ಕಾರು.

ಧಾರವಾಡ ಸೀಮೆಯ ನಮ್ಮೂರಿನ ಬಳಿಯ ಜಾತ್ರೆಯಲ್ಲಿ ದನದ ಪೇಟೆ ಕೂಡುತ್ತಿತ್ತು. ಅಪ್ಪ ನನ್ನನ್ನೂ ಕರೆದೊಯ್ಯುತ್ತಿದ್ದರು. ಎತ್ತಿನ ಬಾಯಿ ಅಗಲಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಎಂದು ನೋಡುವರು, ಗೊರಸು ತಟ್ಟುವರು, ಮೈಮೇಲಿನ ಸುಳಿ ಹುಡುಕುವರು, ಕೊನೆಗೆ ಅದನ್ನು ನಡೆಸಿ, ಹಿಂದಿನಿಂದ ಅದರ ಹೆಜ್ಜೆ ಗಮನಿಸುವರು. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತ, ಬಾಯಿತುಂಬ ಎತ್ತಿನ ಗುಣಗಾನ ಮಾಡುತ್ತಿದ್ದ. ಅಪ್ಪ ನನ್ನ ಕಿವಿಯಲ್ಲಿ ಹೇಳುತ್ತಿದ್ದ ಮಾತು ಒಂದೇ: "ಮಾರಾವನ ಮಾತು ಕೇಳಬ್ಯಾಡ. ಎತ್ತಿನ ಕಾಲು ನೋಡು."

ಈ ಮಾತನ್ನು ನಾನು ಮರೆತದ್ದು ಹೇಗೆ, ಮತ್ತೆ ನೆನಪಾದದ್ದು ಹೇಗೆ ಎಂಬುದೇ ಈ ಬರಹದ ವಿಷಯ.

ನಾವಿರುವುದು ಡೊಂಬಿವಲಿಯಲ್ಲಿ, ನೆಲಮಹಡಿಯ ಎರಡು ಕೋಣೆಯ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮೊಡನೆಯೇ ಇದ್ದಾಳೆ. ಮುಂಬಯಿಯಲ್ಲಿ ಅವಳಿಗೆ ಇದ್ದ ಒಂದೇ ಸುಖವೆಂದರೆ ಮಾಟುಂಗಾ ಕಡೆ ನಡೆಯುವ ಕನ್ನಡ ಕಾರ್ಯಕ್ರಮಗಳು. ಭಾಷಣ ಯಾರದ್ದೇ ಇರಲಿ, ನಾಟಕ ಎಷ್ಟೇ ನೀರಸವಿರಲಿ, ಮುಂದಿನ ಸಾಲಿನಲ್ಲಿ ಕುಳಿತು ಕೊನೆಯವರೆಗೂ ಕೇಳುವಳು. ವಿರಾಮದಲ್ಲಿ ಪಕ್ಕದವರನ್ನು "ನಿಮ್ಮದು ಯಾವೂರ್ರೀ?" ಎಂದು ವಿಚಾರಿಸುವಳು. ಅವಳಿಗೆ ಬೇಕಾದದ್ದು ಅದೇ.

ಮೊಣಕಾಲು ನೋವು ಹೆಚ್ಚಾದಂತೆ ಆ ಸುಖಕ್ಕೂ ಸಂಚಕಾರ ಬಂತು. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳ ಮಧ್ಯದಲ್ಲಿ ಒಮ್ಮೆ ಆಕೆ ನಿಂತುಬಿಟ್ಟಳು. ಮೇಲೆ ಹೋಗಲಾರಳು, ಕೆಳಗೆ ಇಳಿಯಲಾರಳು. ಎರಡೂ ಬದಿಯಿಂದ ಜನಪ್ರವಾಹ. ಹೇಗೋ ಮನೆ ಮುಟ್ಟಿದೆವು. ಅಂದಿನಿಂದ ಎರಡು ವರ್ಷ ಅವಳು ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೋಗಲಿಲ್ಲ. ಕರೆಯೋಲೆ ಬಂದಾಗಲೆಲ್ಲ, "ನೀವು ಹೋಗಿ ಬರ್ರಿ, ಏನಾತು ಅಂತ ಬಂದು ಹೇಳ್ರಿ" ಎನ್ನುತ್ತಿದ್ದಳು. ಆ ಮಾತು ನನ್ನನ್ನು ಚುಚ್ಚುತ್ತಿತ್ತು.

2023ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನೂ ನನ್ನ ಶ್ರೀಮತಿಯೂ ಲೆಕ್ಕ ಹಾಕಿದೆವು. ಮಗಳ ಕಾಲೇಜಿನ ಶುಲ್ಕ, ಮನೆಯ ಸಾಲದ ಕಂತು ಎಲ್ಲ ಕಳೆದು ಕೈಗೆ ಸಿಗುವುದು ಎರಡೂವರೆ ಲಕ್ಷ ರೂಪಾಯಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಷ್ಟೆ. ಆದುದರಿಂದ ಬಳಸಿದ ಕಾರೇ ಸರಿ, ಅದರಲ್ಲೂ 25,000 ರೂಪಾಯಿ ರಿಪೇರಿಗೆಂದೂ ಕಾಗದಪತ್ರಗಳಿಗೆಂದೂ ಬೇರೆ ಇಡತಕ್ಕದ್ದು ಎಂದು ಶ್ರೀಮತಿ ಕಟ್ಟಪ್ಪಣೆ ಮಾಡಿದಳು. ಈ ಒಂದು ನಿಬಂಧನೆ ನಮ್ಮನ್ನು ಮುಂದೆ ಬಹಳ ಕಾಪಾಡಿತು.

ಯಾವ ಕಾರು ಎಂಬುದನ್ನು ಅವ್ವನ ಮೊಣಕಾಲೇ ನಿಶ್ಚಯಿಸಿತು. ತಗ್ಗಾದ ಸೀಟಿಗೆ ಇಳಿಯುವುದೆಂದರೆ ಅವಳಿಗೆ ಬಾವಿಗೆ ಇಳಿದಂತೆ. ಏಳುವುದಂತೂ ದೂರದ ಮಾತು. ನೆತ್ತಿ ಎತ್ತರವಿದ್ದು, ಸೀಟು ಕುರ್ಚಿಯ ಮಟ್ಟದಲ್ಲಿರುವ ಕಾರು ಬೇಕು. 1998ರಲ್ಲಿ ಬಂದ ಸ್ಯಾಂಟ್ರೋ, 1999ರ ಕೊನೆಯಲ್ಲಿ ಬಂದ ವ್ಯಾಗನ್‌ಆರ್ ಈ ಉದ್ದ ನಿಲುವಿನ ಜಾತಿಯವು. ನೋಡುವುದಕ್ಕೆ ಪೆಟ್ಟಿಗೆಯಂತೆ ಕಂಡರೂ ಮುದುಕರಿಗೆ ಇವೇ ಸುಖ. ವ್ಯಾಗನ್‌ಆರ್‌ಗೆ ಬಿಡಿಭಾಗಗಳು ಊರೂರಲ್ಲೂ ಸಿಗುತ್ತವೆ, ಯಾವ ಗ್ಯಾರೇಜಿನವನಿಗೂ ಅದು ಪರಿಚಿತ ಎಂಬ ಕಾರಣಕ್ಕೆ ಅದನ್ನೇ ಗೊತ್ತು ಮಾಡಿದೆವು.

ಹೆದ್ದಾರಿಯ ಬದಿಯಲ್ಲಿದ್ದ ಒಂದು ಹಳೆಯ ಕಾರುಗಳ ಅಂಗಡಿಗೆ ಹೋದೆವು. ನಾನು ಮರಾಠಿಯಲ್ಲಿ ದರ ಕೇಳಿ, ಪಕ್ಕಕ್ಕೆ ತಿರುಗಿ ಶ್ರೀಮತಿಗೆ ಕನ್ನಡದಲ್ಲಿ ಏನೋ ಹೇಳಿದೆ. ಅಂಗಡಿಯವರ ಮುಖ ಅರಳಿತು.

"ಅರೆ, ನೀವು ನಮ್ಮವರೇನ್ರೀ? ಯಾವೂರ್ರೀ ನಿಮ್ಮದು?"

ಊರು ಹೇಳಿದೆ. ಅವರದು ಅಲ್ಲಿಂದ ಮೂವತ್ತು ಮೈಲಿಯೊಳಗೇ. ಕುರ್ಚಿ ಬಂತು, ಚಹಾ ಬಂತು, ಜಾತ್ರೆ, ತೇರು, ಗಿರ್ಮಿಟ್ಟು, ಮಿರ್ಚಿ ಎಲ್ಲ ಬಂದವು. ಕೊನೆಗೆ ಬಂದದ್ದು ಕಾರು. 2017ರ ವ್ಯಾಗನ್‌ಆರ್, ಬೆಳ್ಳಿಯ ಬಣ್ಣ, ಓಡಿದ್ದು ಕೇವಲ 28,000 ಕಿಲೋಮೀಟರ್ ಎಂದು ಮೀಟರು ಹೇಳುತ್ತಿತ್ತು. ಬೇರೆಡೆ ಅಂಥ ಗಾಡಿಗೆ ಮೂರೂವರೆ ಲಕ್ಷ ಹೇಳಿದ್ದರು. "ನಿಮಗಂತ ಎರಡೂವರಿಗೆ ಕೊಡ್ತೀನ್ರಿ. ನಮ್ಮ ಮಂದಿಗೆ ನಾ ಮೋಸ ಮಾಡ್ತೀನೇನ್ರಿ?" ಎಂದರು.

ಓದುಗ ಮಹಾಶಯರೇ, ನನ್ನ ಜೇಬಿನಲ್ಲಿ ಮುಂಗಡಕ್ಕೆಂದು 10,000 ರೂಪಾಯಿ ಇತ್ತು. ಕೈ ಜೇಬಿಗೆ ಹೋಗಿಯೂ ಆಗಿತ್ತು. ತಡೆದವಳು ಶ್ರೀಮತಿ. "ನಾಳೆ ನಮ್ಮ ಮೆಕ್ಯಾನಿಕ್ ಒಂದು ಸಲ ನೋಡಲಿ" ಎಂದಳು. ನನಗೆ ನಾಚಿಕೆಯಾಯಿತು, ನಮ್ಮ ಊರಿನವರ ಎದುರು ಹೀಗೆ ಅನುಮಾನ ತೋರಿಸುವುದೇ ಎನಿಸಿತು.

ಮರುದಿನ ಬಂದವರು ನಮ್ಮ ಗಲ್ಲಿಯಲ್ಲೇ ಸ್ಕೂಟರು, ಕಾರು ರಿಪೇರಿ ಮಾಡುವ ಮರಾಠಿ ಮೆಕ್ಯಾನಿಕ್, ನಾವೆಲ್ಲ ಭಾವೂ ಎಂದು ಕರೆಯುವವರು. ಅವರು ಯಾರ ಮಾತನ್ನೂ ಕೇಳಲಿಲ್ಲ. ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಿಸಿಯಾಗಿತ್ತು. ತಣ್ಣನೆಯ ಎಂಜಿನ್ ಒಂದೇ ಸಲಕ್ಕೆ ಎದ್ದರೆ ಅದು ಆರೋಗ್ಯದ ಗುರುತು. ಮುಂಚೆಯೇ ಕಾಯಿಸಿಟ್ಟಿದ್ದರೆ ಆ ಪರೀಕ್ಷೆಯೇ ನಡೆಯದು. ಆಮೇಲೆ ಟೈರಿನ ಪಕ್ಕಕ್ಕೆ ಕುಕ್ಕುರುಗಾಲಲ್ಲಿ ಕುಳಿತು ನಾಲ್ಕು ಅಂಕಿಗಳನ್ನು ತೋರಿಸಿದರು. ಮೊದಲ ಎರಡು ಟೈರು ತಯಾರಾದ ವಾರ, ಕಡೆಯ ಎರಡು ವರ್ಷ. ನಾಲ್ಕೂ 2022ರ ಟೈರುಗಳು. 28,000 ಕಿಲೋಮೀಟರ್ ಓಡಿದ ಗಾಡಿಗೆ ನಾಲ್ಕಕ್ಕೆ ನಾಲ್ಕೂ ಟೈರು ಬದಲಾಯಿಸುವ ಪ್ರಸಂಗವೇನು? ಮೀಟರಿಗಿಂತ ಬ್ರೇಕು ತುಳಿಯುವ ಪೆಡಲಿನ ರಬ್ಬರು ನಿಜ ಹೇಳುತ್ತದೆ ಎಂದರು. ಅದು ನುಣ್ಣಗೆ ಸವೆದಿತ್ತು.

ಬಳಿಕ ಸೀಟ್‌ಬೆಲ್ಟನ್ನು ಪೂರ್ತಿ ಹೊರಕ್ಕೆ ಎಳೆದರು. ನಾವು ಎಂದೂ ಎಳೆಯದ ಕಡೆಯ ಗೇಣಿನಲ್ಲಿ ಕಂದು ಬಣ್ಣದ ಒಂದು ಗೆರೆ ಇತ್ತು. ಡಿಕ್ಕಿಯ ಹಾಸು ಎತ್ತಿ, ಹೆಚ್ಚುವರಿ ಚಕ್ರವನ್ನು ಸರಿಸಿ, ಅದರಡಿಯ ಗುಳಿಯಲ್ಲಿ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ನಯವಾದ ಒಣ ಕೆಸರು.

"ಸಾಹೇಬ್, ಗಾಡೀ ಪಾಣ್ಯಾತ್ ಗೇಲೀ ಹೋತೀ."

ನೀರಲ್ಲಿ ಮುಳುಗಿದ ಗಾಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದುದನ್ನು ಕಂಡ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಳುಗಿದ ಕಾರನ್ನು ತೊಳೆದು ಹೊಳಪು ಕೊಡುವುದು ಸುಲಭ. ಆದರೆ ಈಗಿನ ಕಾರೆಂದರೆ ತಂತಿಗಳ ಜಾಲ. ನೀರು ಹೊಕ್ಕ ಜೋಡಣೆಗಳು ಒಳಗಿಂದೊಳಗೆ ಕಿಲುಬು ಹಿಡಿದು, ಆರು ತಿಂಗಳ ಮೇಲೋ ವರ್ಷದ ಮೇಲೋ ನಡುರಸ್ತೆಯಲ್ಲಿ ಕೈಕೊಡುತ್ತವೆ. ರಾತ್ರಿ ಹತ್ತರ ಹೊತ್ತಿನಲ್ಲಿ, ಅವ್ವ ಒಳಗೆ ಕುಳಿತಿರುವಾಗ, ಹೆದ್ದಾರಿಯ ಮಧ್ಯೆ ಗಾಡಿ ನಿಂತ ಚಿತ್ರ ನನ್ನ ಕಣ್ಣ ಮುಂದೆ ಬಂತು.

ಅಂಗಡಿಯವರು, "ನನಗೂ ಗೊತ್ತಿಲ್ಲರೀ, ನಾನೂ ಇನ್ನೊಬ್ಬರ ಕಡೆಯಿಂದ ತಗೊಂಡದ್ದು" ಎಂದರು. ನಿಜವಿದ್ದರೂ ಇರಬಹುದು. ಅವರನ್ನು ದೂರುವ ಉತ್ಸಾಹ ನನಗೆ ಬರಲಿಲ್ಲ. ದೂರಬೇಕಾದದ್ದು ನನ್ನನ್ನೇ. ಒಂದು ತಿಂಗಳು ನಾಲ್ಕಾರು ಅಂಗಡಿ ತಿರುಗಿ ಮರಾಠಿಯಲ್ಲಿ, ಹಿಂದಿಯಲ್ಲಿ ನೂರು ಪ್ರಶ್ನೆ ಕೇಳಿದವನು ಕನ್ನಡ ಕಿವಿಗೆ ಬಿದ್ದ ಕ್ಷಣದಿಂದ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಪರಊರಿನಲ್ಲಿ ಮೂವತ್ತು ವರ್ಷ ಇದ್ದವನಿಗೆ ತನ್ನ ಮಾತಿನ ಹಸಿವು ಎಷ್ಟಿರುತ್ತದೆಂದರೆ, ಆ ಮಾತನ್ನು ಆಡಿದವರೆಲ್ಲ ಬಂಧುಗಳೆನಿಸುತ್ತಾರೆ. ಭಾಷೆ ಬಾಂಧವ್ಯಕ್ಕೆ ಬಾಗಿಲು ತೆರೆಯಬಹುದು. ಎಂಜಿನ್ನಿಗೆ ಜಾಮೀನು ಕೊಡಲಾರದು. ಅಪ್ಪನ ಕಿವಿಮಾತು ನನಗೆ ನೆನಪಾದದ್ದು ಆಗಲೇ. ಅವರು ಎತ್ತು ಕೊಳ್ಳುತ್ತಿದ್ದಾಗ ಆ ಪೇಟೆಯಲ್ಲಿ ಎಲ್ಲರೂ ಕನ್ನಡದವರೇ ಇದ್ದರಲ್ಲ! ಆದರೂ ಹಲ್ಲು ಎಣಿಸುವುದನ್ನು ಅವರು ಬಿಟ್ಟಿರಲಿಲ್ಲ.

ನಾವು ಕಡೆಗೆ ಕೊಂಡ ಕಾರು ಭಾವೂ ಅವರ ಗಿರಾಕಿಯೊಬ್ಬರದು. ಆಕೆ ನಿವೃತ್ತ ಮರಾಠಿ ಶಾಲಾ ಶಿಕ್ಷಕಿ. ಕಣ್ಣಿನ ತೊಂದರೆಯಿಂದ ಗಾಡಿ ಓಡಿಸುವುದನ್ನು ಬಿಟ್ಟಿದ್ದರು. 2014ರ ವ್ಯಾಗನ್‌ಆರ್, 58,000 ಕಿಲೋಮೀಟರ್. ಎಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಎದ್ದಿತು. ಹೊಗೆಯ ಕೊಳವೆಯಲ್ಲಿ ಎಣ್ಣೆ ಸುಡುವ ನೀಲಿ ಹೊಗೆ ಇರಲಿಲ್ಲ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲುಬೆರೆತ ಚಹಾದಂತಹ ನೊರೆಯಿದ್ದರೆ ನೀರು ಬೆರೆತಿದೆ ಎಂದರ್ಥವಂತೆ; ಅದೂ ಇರಲಿಲ್ಲ. ಇದ್ದ ದೋಷಗಳನ್ನು ಬಾಯಿಯವರು ನಾವು ಕೇಳುವ ಮುನ್ನವೇ ಹೇಳಿದರು. ಕ್ಲಚ್ಚು ಸವೆದಿದೆ, ಹಿಂದಿನ ಎರಡು ಟೈರು ಬದಲಿಸಬೇಕು, ಎಡಬಾಗಿಲು ಸೊಸೈಟಿಯ ಗೇಟಿಗೆ ತಾಗಿ ನೆಗ್ಗಿದೆ.

ಮತ್ತೆ ಒಳಗಿನಿಂದ ಒಂದು ನೂರು ಪುಟದ ನೋಟ್‌ಬುಕ್ಕು ತಂದರು. ಒಂಬತ್ತು ವರ್ಷಗಳಲ್ಲಿ ಆ ಕಾರಿಗೆ ಮಾಡಿಸಿದ ಪ್ರತಿಯೊಂದು ಕೆಲಸದ ತಾರೀಖು, ಕಿಲೋಮೀಟರು, ಖರ್ಚು, ಎಲ್ಲ ದುಂಡನೆಯ ಮರಾಠಿ ಅಕ್ಷರಗಳಲ್ಲಿ. ರಸೀತಿಗಳು ಪುಟಗಳಿಗೆ ಅಂಟಿಸಿದ್ದವು. ಭಾವೂ ಅದನ್ನು ಐದು ನಿಮಿಷ ತಿರುವಿ ಹಾಕಿ, ಏನೂ ಹೇಳದೆ ನನ್ನತ್ತ ನೋಡಿ ತಲೆಯಾಡಿಸಿದರು.

2,25,000 ರೂಪಾಯಿಗೆ ವ್ಯವಹಾರ ಮುಗಿಯಿತು. ಕ್ಲಚ್ಚು ಮತ್ತು ಎರಡು ಟೈರಿಗೆ 17,000, ವಿಮೆ, ವರ್ಗಾವಣೆ ಇತ್ಯಾದಿಗೆ ಸುಮಾರು 8,000. ಶ್ರೀಮತಿಯ ಲೆಕ್ಕಕ್ಕೆ ಸರಿಹೋಯಿತು.

ಕಾಗದಪತ್ರಗಳ ವಿಷಯದಲ್ಲಿ ಕೆಲವು ಮಾತು ಹೇಳಿದರೆ ಇತರರಿಗೆ ಉಪಯೋಗವಾದೀತು. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡಬೇಕು. ಬ್ಯಾಂಕಿನ ಸಾಲ ನಮೂದಾಗಿದ್ದರೆ, ಸಾಲ ತೀರಿದ ಪತ್ರವೂ 35ನೆಯ ನಮೂನೆಯೂ ಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಬಾಕಿ ಚಲನ್‌ಗಳಿವೆಯೇ ಎಂದು ನೋಡಿಕೊಳ್ಳುವುದು ಲೇಸು. ವಿಮೆಯನ್ನು 14 ದಿನಗಳೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳಬರ ನೋ ಕ್ಲೇಮ್ ಬೋನಸ್ ನಮಗೆ ಬಾರದು, ಅದು ಅವರದೇ ಸ್ವತ್ತು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷದ್ದಾದ್ದರಿಂದ ನಮ್ಮ ಗಾಡಿಗೆ 2029ರವರೆಗೆ ಚಿಂತೆಯಿಲ್ಲ. ಗಾಡಿ ಕಲ್ಯಾಣ ಆರ್‌ಟಿಒದಲ್ಲೇ ನೋಂದಾಯಿತವಾದುದರಿಂದ ನಮಗೆ ಓಡಾಟ ಕಡಿಮೆಯಾಯಿತು.

ನವೆಂಬರ್ ತಿಂಗಳ ಒಂದು ಭಾನುವಾರ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅವ್ವನನ್ನು ಕರೆದುಕೊಂಡು ಹೊರಟೆವು. ಬಾಗಿಲು ತೆರೆದೆ. ಅವ್ವ ಒಂದು ಕೈ ಬಾಗಿಲಿಗೆ ಕೊಟ್ಟು, ಬೆನ್ನು ತಿರುಗಿಸಿ, ಮನೆಯ ಕುರ್ಚಿಯಲ್ಲಿ ಕುಳಿತಂತೆ ಕುಳಿತಳು. ಕಾಲುಗಳನ್ನು ಒಂದೊಂದಾಗಿ ಒಳಗಿಟ್ಟುಕೊಂಡಳು. ಯಾರ ಸಹಾಯವೂ ಬೇಕಾಗಲಿಲ್ಲ. ದಾರಿಯುದ್ದಕ್ಕೂ ಮಾತಿಲ್ಲ. ಠಾಣೆ ದಾಟಿದ ಮೇಲೆ, "ನಿಮ್ಮಪ್ಪ ಇದ್ದಿದ್ರ ಹಲ್ಲು ನೋಡಿರಾವ" ಎಂದಳು.

"ನೋಡೇನಿ ಅವ್ವಾ" ಎಂದೆ. ನೋಡಿದವರು ಭಾವೂ ಎಂಬುದನ್ನು ಹೇಳಲಿಲ್ಲ.

ಸಭಾಗೃಹದಲ್ಲಿ ಅವಳು ಮುಂದಿನ ಸಾಲಿಗೆ ಹೋಗಿ ಕುಳಿತಳು. ಪ್ರಾರ್ಥನೆ ಮುಗಿಯುವ ಮೊದಲೇ ಪಕ್ಕದವರ ಊರು ವಿಚಾರಿಸುವುದು ನನಗೆ ಹಿಂದಿನಿಂದ ಕಾಣಿಸಿತು.

ಬಾಯಿಯವರ ನೋಟ್‌ಬುಕ್ಕು ಈಗ ನಮ್ಮ ಕಾರಿನಲ್ಲೇ ಇದೆ. ಅವರ ಮರಾಠಿ ನಿಂತಲ್ಲಿಂದ ನನ್ನ ಕನ್ನಡ ಶುರುವಾಗುತ್ತದೆ: ಕ್ಲಚ್ಚು, ಟೈರು, ಆಯಿಲ್, ತಾರೀಖು, ಖರ್ಚು. ಒಂದು ದಿನ ಈ ಕಾರನ್ನು ನಾನೂ ಮಾರಬೇಕಾಗಬಹುದು. ಕೊಳ್ಳಲು ಬಂದವರು ಯಾವ ಭಾಷೆಯವರೇ ಆಗಲಿ, ಅದನ್ನು ಅವರ ಕೈಗಿಡುವೆ. ಅವರು ಬಾನೆಟ್ಟು ಮುಟ್ಟಿ ನೋಡಿದರೆ ಬೇಸರಪಡಲಾರೆ.