ಉಗುಳಿನ ಋಣ

ದೇಹದಲ್ಲಿ ಹುಟ್ಟುವ ನೀರುಗಳಲ್ಲಿ ರಕ್ತಕ್ಕೆ ಗೌರವವಿದೆ, ಕಣ್ಣೀರಿಗೆ ಕವಿಗಳ ಆಸರೆಯಿದೆ, ಬೆವರಿಗೂ ದುಡಿಮೆಯ ಹೆಸರಿನಲ್ಲಿ ಒಂದಿಷ್ಟು ಮರ್ಯಾದೆ ಸಿಕ್ಕಿದೆ. ಉಗುಳನ್ನು ಮಾತ್ರ ಎಂಜಲೆಂದು ದೂರ ಇಟ್ಟಿದ್ದೇವೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಊರುವ ಈ ನೀರು ನಿಂತುಹೋದರೆ ಗತಿಯೇನೆಂದು ನಾವು ಯೋಚಿಸುವುದೇ ಇಲ್ಲ. ಕೋಡುಬಳೆ ಬಾಯಲ್ಲಿ ಮರಳಾಗುತ್ತದೆ. ಹೋಳಿಗೆಯ ಸಿಹಿ ನಾಲಿಗೆಗೆ ತಲುಪುವುದಿಲ್ಲ. ನಾಲ್ಕು ಮಾತಾಡುವಷ್ಟರಲ್ಲಿ ತುಟಿ ಅಂಟಿಕೊಳ್ಳುತ್ತದೆ. ಹಲ್ಲಿನ ಮೇಲೆ ಹುಳಿ ಕೂರದಂತೆ ತೊಳೆದು, ಸವೆದ ಪದರಕ್ಕೆ ಕ್ಯಾಲ್ಸಿಯಂ ತುಂಬಿ, ಹಗಲೂ ರಾತ್ರಿ ಹಲ್ಲು ಕಾಯುವುದೂ ಇದೇ ಉಗುಳು.

ಇದರ ಬೆಲೆ ನನಗೆ ತಿಳಿದದ್ದು ಚಿಕ್ಕಮ್ಮನಿಂದ. ಅವರು ತೀರ್ಥಹಳ್ಳಿ ಕಡೆಯವರು. ಥೈರಾಯ್ಡ್ ಕ್ಯಾನ್ಸರ್ ಎಂದು ಕುತ್ತಿಗೆಯ ಆಪರೇಷನ್ ಆಯಿತು. ಆಮೇಲೆ ಬೆಂಗಳೂರಿನಲ್ಲಿ ಒಂಟಿ ಕೋಣೆಯಲ್ಲಿ ಇಟ್ಟು ವಿಕಿರಣದ ಅಯೋಡಿನ್ ಕುಡಿಸಿದರು. ಕಾಯಿಲೆ ಹೋಯಿತು, ಚಿಕ್ಕಮ್ಮ ಇವತ್ತಿಗೂ ತೋಟಕ್ಕೆ ಹೋಗಿಬರುತ್ತಾರೆ. ಆದರೆ ಆ ಅಯೋಡಿನ್ ಆದ ಮೇಲೆ ಕಿವಿಯ ಕೆಳಗೆ ಆಗಾಗ ಊದಿಕೊಳ್ಳುತ್ತಿತ್ತು. ಊಟಕ್ಕೆ ಕೂತರೆ ಪಕ್ಕದಲ್ಲಿ ಒಂದು ಚೊಂಬು ನೀರು ಬೇಕೇ ಬೇಕು. ಸಾರನ್ನ ಇಳಿಯುತ್ತಿತ್ತು, ರೊಟ್ಟಿ ಇಳಿಯುತ್ತಿರಲಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಒಸಡಿನ ಅಂಚಿನುದ್ದಕ್ಕೂ ಹುಳುಕು. ಹಲ್ಲಿನ ಡಾಕ್ಟರು, "ಅಮ್ಮಾ, ಅಯೋಡಿನ್ ತಗೊಂಡಿದ್ದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರು. ಚಿಕ್ಕಮ್ಮ, "ಅದು ಕುತ್ತಿಗೇದಲ್ವಾ ಡಾಕ್ಟ್ರೇ, ಹಲ್ಲಿಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದರು. ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಿಕ್ಕ ಡಾಕ್ಟರನ್ನೆಲ್ಲ ಕೇಳಿದೆ, ಸಿಕ್ಕದ್ದನ್ನೆಲ್ಲ ಓದಿದೆ. ಸಂಬಂಧ ಇದೆ, ಅದೂ ಬಹಳ ಹತ್ತಿರದ್ದು.

ಕುತ್ತಿಗೆಯ ಮುಂಭಾಗದಲ್ಲಿ ಸುಮಾರು 20 ಗ್ರಾಂ ತೂಗುವ ಥೈರಾಯ್ಡ್‌ಗೆ ಅಯೋಡಿನ್ ಬಿಟ್ಟರೆ ಬದುಕಿಲ್ಲ. ರಕ್ತದಲ್ಲಿ ಹರಿಯುವ ಅಯೋಡಿನ್ನನ್ನು ಒಳಕ್ಕೆಳೆದುಕೊಳ್ಳಲು ಅದರ ಜೀವಕೋಶದ ಗೋಡೆಯಲ್ಲಿ ಒಂದು ಪ್ರೊಟೀನು ಬಾಗಿಲಿನಂತೆ ಕೂತಿದೆ. ನ್ಯಾನ್ಸಿ ಕರಾಸ್ಕೋ ಅವರ ತಂಡ ಅದರ ಜೀನನ್ನು ಗುರುತಿಸಿದ್ದು 1996ರಲ್ಲಿ. ಅದೇ ಪ್ರೊಟೀನು ಉಗುಳಿನ ಗ್ರಂಥಿಗಳಲ್ಲೂ ಇದೆ. ಹೀಗಾಗಿ ಉಗುಳಿನಲ್ಲಿ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು ಅಯೋಡಿನ್ ಸೇರುತ್ತದೆ. ಉಪ್ಪಿನಿಂದ ಬಂದ ಅಯೋಡಿನ್ ಆದರೆ ತೊಂದರೆಯಿಲ್ಲ. ವಿಕಿರಣ ಸೂಸುವ ಅಯೋಡಿನ್-131 ಆದರೆ ಅದರ ಬೀಟಾ ಕಣಗಳು ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟು ಅಂಗಾಂಶವನ್ನು ಸುಡುತ್ತವೆ. ಕ್ಯಾನ್ಸರ್ ಕೋಶವನ್ನು ಕೊಲ್ಲಬೇಕಾದ ಶಕ್ತಿಯೇ ಕಿವಿಯ ಕೆಳಗಿನ ಉಗುಳಿನ ಗ್ರಂಥಿಗೂ ಏಟು ಕೊಡುತ್ತದೆ.

ಈ ಚಿಕಿತ್ಸೆಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 1936ರ ನವೆಂಬರ್ 12ರಂದು ಬಾಸ್ಟನ್ನಿನಲ್ಲಿ ವೈದ್ಯರ ಸಭೆಯೊಂದರಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಮಾತಾಡಿದರು. ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಥೈರಾಯ್ಡ್ ವೈದ್ಯ ಸಾಲ್ ಹರ್ಟ್ಸ್ ಅಲ್ಲಿ ಎದ್ದು, ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದೇ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಒಂದು ವೈದ್ಯಶಾಖೆಯೇ ಬೆಳೆಯಿತು. ಮೊದಲು ಸಿಕ್ಕಿದ ಅಯೋಡಿನ್-128ರ ಅರ್ಧಾಯುಷ್ಯ ಬರೀ 25 ನಿಮಿಷ. ಅದನ್ನೇ ಹಿಡಿದು 1937ರಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿದರು. 1938ರಲ್ಲಿ ಬರ್ಕ್ಲಿಯಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ 8 ದಿನದ ಅರ್ಧಾಯುಷ್ಯವಿರುವ ಅಯೋಡಿನ್-131 ಕಂಡುಕೊಂಡರು. 1941ರಲ್ಲಿ ಹರ್ಟ್ಸ್ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದ ರೋಗಿಗೆ ಮೊದಲ ಬಾರಿ ವಿಕಿರಣಶೀಲ ಅಯೋಡಿನ್ ಕುಡಿಸಿದರು. ಅಲ್ಲಿಂದೀಚೆಗೆ ಲೋಕದಲ್ಲಿ ಎಷ್ಟು ಕೊರಳುಗಳು ಇದರಿಂದ ಉಳಿದಿವೆಯೋ ಲೆಕ್ಕವಿಲ್ಲ.

ಉಗುಳಿಗೇ ಮರಳೋಣ. ಅಯೋಡಿನ್ ಗ್ರಂಥಿಯಲ್ಲಿ ನಿಲ್ಲದಂತೆ ಮಾಡಲು ಹುಳಿ ಪೆಪ್ಪರಮಿಂಟು ಚೀಪಿಸುವುದು ಬಹುಕಾಲದ ರೂಢಿ. ನಿಂಬೆಯ ಹುಳಿಗೆ ಬಾಯಲ್ಲಿ ನೀರೂರಿ ಅಯೋಡಿನ್ ಕೊಚ್ಚಿಹೋಗುತ್ತದೆ ಎಂಬ ತರ್ಕ ಯಾರಿಗಾದರೂ ಒಪ್ಪಿಗೆಯಾಗುವಂಥದ್ದೇ. ಜಪಾನಿನ ವೈದ್ಯರು ಇದನ್ನೂ ಪರೀಕ್ಷೆಗೆ ಒಡ್ಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಅಯೋಡಿನ್ ಕುಡಿದ ಒಂದು ಗಂಟೆಯೊಳಗೇ ನಿಂಬೆ ಪೆಪ್ಪರಮಿಂಟು, ಇನ್ನೊಂದಕ್ಕೆ 24 ಗಂಟೆ ಕಳೆದ ಮೇಲೆ. ಬೇಗ ಚೀಪಿದವರಲ್ಲಿ ಶೇಕಡ 64ರಷ್ಟು ಜನಕ್ಕೆ ಗ್ರಂಥಿ ಊದಿತು. ತಡವಾಗಿ ಚೀಪಿದವರಲ್ಲಿ ಶೇಕಡ 37. ಬಾಯಿ ಒಣಗಿದವರು ಮೊದಲ ಗುಂಪಿನಲ್ಲಿ ಸುಮಾರು ಶೇಕಡ 24, ಎರಡನೆಯದರಲ್ಲಿ ಶೇಕಡ 11. ಹುಳಿ ಬಿದ್ದಾಗ ಗ್ರಂಥಿಗೆ ರಕ್ತದ ಹರಿವು ಹೆಚ್ಚುತ್ತದೆ. ರಕ್ತದಲ್ಲಿ ಅಯೋಡಿನ್ ತುಂಬಿರುವಾಗಲೇ ಹಾಗಾದರೆ ಇನ್ನಷ್ಟು ಅಯೋಡಿನ್ನನ್ನು ಕರೆದುಕೊಂಡ ಹಾಗಾಯಿತು ಎಂದು ಅವರು ವಿವರಿಸಿದರು. ಬೇರೆ ಸಂಶೋಧಕರು ನಿಂಬೆರಸ ಕುಡಿಸಿ ಅಳೆದು ಈ ವಿವರಣೆಯನ್ನು ಪ್ರಶ್ನಿಸಿದರು, ಚರ್ಚೆ ಮುಂದುವರಿದಿದೆ. ನನಗೆ ಮುಖ್ಯವೆನಿಸುವುದು ಮನೋಭಾವ. ಒಂದು ಪೆಪ್ಪರಮಿಂಟಿನ ವಿಷಯವನ್ನೂ ಹೀಗೇ ಇರಬೇಕೆಂದು ನಂಬಿ ಬಿಡದೆ, ನೂರಾರು ರೋಗಿಗಳಲ್ಲಿ ನೋಡಿ, ಎಣಿಸಿ, ತೂಗಿ ಹೇಳುವವರ ಬಗ್ಗೆ ನನಗೆ ಆಳವಾದ ಗೌರವವಿದೆ.

ಇದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಮತ್ತೊಂದು ಪ್ರಶ್ನೆ: ಇಷ್ಟೊಂದು ಅಯೋಡಿನ್ ಬೇಕೇ? ಆಪರೇಷನ್ ಆದ ಮೇಲೆ ಉಳಿದ ಚೂರುಪಾರು ಥೈರಾಯ್ಡ್ ಸುಡಲು ವಿಕಿರಣದ ಅಳತೆಯಲ್ಲಿ 100 ಮಿಲಿಕ್ಯೂರಿ, ಅದಕ್ಕೂ ಮೇಲೆ ಕೊಡುವ ವಾಡಿಕೆಯಿತ್ತು. ದೆಹಲಿಯ ಏಮ್ಸ್‌ನಲ್ಲಿ ಸಿ. ಎಸ್. ಬಲ್ ಅವರ ತಂಡ 149 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, 30ರಿಂದ 155 ಮಿಲಿಕ್ಯೂರಿವರೆಗೆ ನಾಲ್ಕು ಪ್ರಮಾಣಗಳಲ್ಲಿ ಕೊಟ್ಟು 1996ರಲ್ಲಿ ಫಲ ಪ್ರಕಟಿಸಿತು. 50ರ ಮೇಲೆ ಏರಿಸಿದರೆ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು ಕಂಡಿತು. 2004ರಲ್ಲಿ 509 ರೋಗಿಗಳ ಅಧ್ಯಯನದಿಂದ ಇನ್ನೂ ಕೆಳಗಿಳಿದು, 25 ಮಿಲಿಕ್ಯೂರಿಯೇ ಸಾಕಾಗುತ್ತದೆ ಎಂದಿತು. ಬ್ರಿಟನ್ನಿನ 438 ಮತ್ತು ಫ್ರಾನ್ಸಿನ 752 ರೋಗಿಗಳ ಅಧ್ಯಯನಗಳು 30 ಮಿಲಿಕ್ಯೂರಿ ಸಾಕೆಂದು ಜಗತ್ತಿಗೆ ಸಾರಿದ್ದು 2012ರಲ್ಲಿ. ನಮ್ಮ ದೇಶದ ವೈದ್ಯರು ಈ ಪ್ರಶ್ನೆಯನ್ನು ಅಷ್ಟು ಮೊದಲೇ ಕೇಳಿದ್ದರು ಎಂದು ತಿಳಿದಾಗ ಹೆಮ್ಮೆಯಾಯಿತು. 2022ರಲ್ಲಿ ಫ್ರಾನ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯ ಕಡಿಮೆಯಿರುವ ಗಡ್ಡೆಗಳಲ್ಲಿ ಅಯೋಡಿನ್ನೇ ಕೊಡದೆ ಕಾದು ನೋಡಿದರೂ ಮೂರು ವರ್ಷದ ಫಲ ಕಡಿಮೆಯೇನಿಲ್ಲ ಎಂದು ತೋರಿಸಿದರು. ಮಿಲಿಕ್ಯೂರಿ ಇಳಿದಷ್ಟೂ ಉಗುಳು ಉಳಿಯಿತು, ಉಗುಳು ಉಳಿದಷ್ಟು ಹಲ್ಲು ಉಳಿಯಿತು.

ವಿಕಿರಣಕ್ಕೂ ಹಲ್ಲಿಗೂ ಆಸ್ಪತ್ರೆಯ ಹೊರಗೂ ನಂಟು ಬೆಳೆದಿದೆ, ಅದೂ ದುಃಖದಲ್ಲಿ. ಮೊದಲ ಮಹಾಯುದ್ಧದ ಕಾಲದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಬಳಿಯಲು ಹರೆಯದ ಹುಡುಗಿಯರನ್ನು ಇಟ್ಟುಕೊಂಡಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗೆ ಇಟ್ಟುಕೊಳ್ಳುವುದನ್ನು ಅವರಿಗೆ ಕಲಿಸಿದ್ದರು. ಕ್ಯಾಲ್ಸಿಯಮ್ಮಿನ ಗುಣವೇ ಇರುವ ರೇಡಿಯಂ ಅವರ ಮೂಳೆ ಸೇರಿತು. ಹಲ್ಲು ಅಲ್ಲಾಡಿತು, ಕಿತ್ತ ಜಾಗ ಮಾಯಲಿಲ್ಲ, ದವಡೆ ಕೊಳೆಯಿತು. ಇದು ರೇಡಿಯಮ್ಮಿನ ದವಡೆರೋಗ ಎಂದು 1924ರಲ್ಲೇ ಬರೆದಿಟ್ಟವರು ಥಿಯೊಡೋರ್ ಬ್ಲಮ್ ಎಂಬ ದಂತವೈದ್ಯರು. ಬಾಯಿ ನೋಡುವವರು ಎಚ್ಚರವಾಗಿದ್ದರೆ ಇಡೀ ದೇಹದ ಸಂಕಟ ಮೊದಲು ಅವರಿಗೇ ಕಾಣುತ್ತದೆ.

ಇನ್ನೊಂದು ಕಥೆ ಮಕ್ಕಳದ್ದು. ನಮ್ಮಲ್ಲಿ ಬಿದ್ದ ಹಾಲುಹಲ್ಲನ್ನು ಮನೆಯ ಮಾಡಿನ ಮೇಲೆ ಎಸೆಯುತ್ತಿದ್ದೆವು. 1958ರ ಕೊನೆಯಿಂದ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳು ತಮ್ಮ ಹಾಲುಹಲ್ಲನ್ನು ವಿಜ್ಞಾನಕ್ಕೆ ಕೊಟ್ಟರು. ಅಣುಬಾಂಬ್ ಪರೀಕ್ಷೆಗಳ ಬೂದಿಯಲ್ಲಿದ್ದ ಸ್ಟ್ರಾನ್ಷಿಯಂ-90 ಹುಲ್ಲಿಗೆ, ಹಸುವಿಗೆ, ಹಾಲಿಗೆ, ಅಲ್ಲಿಂದ ಮಗುವಿನ ಹಲ್ಲಿಗೆ ಬರುತ್ತಿದೆಯೇ ಎಂದು ನೋಡುವ ಕೆಲಸ ಅದು. ಮುಂದಾಳು ವೈದ್ಯೆ ಲೂಯಿಸ್ ರೈಸ್. ಮೂರು ಲಕ್ಷದಷ್ಟು ಹಲ್ಲುಗಳು ಬಂದವು. ವರ್ಷದಿಂದ ವರ್ಷಕ್ಕೆ ಹಲ್ಲಿನ ಸ್ಟ್ರಾನ್ಷಿಯಂ ಏರಿದ್ದು 1961ರ ವರದಿಯಲ್ಲಿ ಕಂಡಿತು. 1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಬಾಂಬ್ ಪರೀಕ್ಷೆ ನಿಷೇಧಿಸುವ ಒಪ್ಪಂದವಾದಾಗ ಆ ಹಲ್ಲುಗಳ ಸಾಕ್ಷಿಯೂ ಅದರ ಹಿಂದಿತ್ತು. ಅದೇ ಬೂದಿಯ ಅಯೋಡಿನ್-131 ಅದೇ ಹಾಲಿನ ದಾರಿಯಲ್ಲಿ ಮಕ್ಕಳ ಥೈರಾಯ್ಡ್ ಸೇರುತ್ತಿತ್ತು. 1986ರ ಚೆರ್ನೋಬಿಲ್ ದುರಂತದ ನಂತರ ಬೆಲರೂಸ್, ಉಕ್ರೇನ್, ರಷ್ಯಾಗಳ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿದ್ದು ಹೀಗೇ. ಹಲ್ಲಿಗೂ ಕೊರಳಿಗೂ ಒಂದೇ ಲೋಟದಿಂದ ವಿಷ ಬಂದಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಹಲ್ಲಿನ ಎಕ್ಸ್‌ರೇ ಎಂದರೆ ಓದುಗರಿಗೆ ಭಯವಾಗಬಾರದು. ಕುವೈತಿನಲ್ಲಿ 313 ಥೈರಾಯ್ಡ್ ಕ್ಯಾನ್ಸರ್ ರೋಗಿಗಳನ್ನು ಆರೋಗ್ಯವಂತರ ಜತೆ ಹೋಲಿಸಿದ ಅಧ್ಯಯನ 2010ರಲ್ಲಿ ಬಂತು. ಹಲ್ಲಿನ ಎಕ್ಸ್‌ರೇ ಮಾಡಿಸಿಕೊಂಡವರಲ್ಲಿ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು ಎಂದು ಅದು ಹೇಳಿತು. ಆದರೆ ಎಕ್ಸ್‌ರೇ ಲೆಕ್ಕ ಜನರ ನೆನಪಿನಿಂದ ತೆಗೆದದ್ದು, ಅದನ್ನೇ ಕೊನೆಯ ಮಾತೆಂದು ಬರೆದವರೂ ಹೇಳಲಿಲ್ಲ. ಈಗಿನ ಡಿಜಿಟಲ್ ಯಂತ್ರಗಳಲ್ಲಿ ಕಿರಣ ಬಹಳ ಕಡಿಮೆ, ಅದು ಬೀಳುವ ಜಾಗವೂ ಕಿರಿದು. ಕುತ್ತಿಗೆಗೆ ಕಟ್ಟುವ ಸೀಸದ ಪಟ್ಟಿ ಚಿತ್ರಕ್ಕೆ ಅಡ್ಡ ಬಂದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಹೀಗಾಗಿ ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಆ ಪಟ್ಟಿಯ ದಿನನಿತ್ಯದ ಬಳಕೆ ಬೇಡವೆಂದಿತು. ಬೇಕಾದಾಗ ಮಾತ್ರ ಎಕ್ಸ್‌ರೇ ತೆಗೆಯುವುದೇ ನಿಜವಾದ ರಕ್ಷಣೆ ಎಂಬುದು ಅದರ ತಿರುಳು.

ಹಲ್ಲಿನ ಕುರ್ಚಿಯಲ್ಲಿ ಕೂತಾಗ ಥೈರಾಯ್ಡಿನ ಮಾತು ಬಾಯಿಗೆ ಬರಬೇಕಾದ ಕಾರಣಗಳು ಇನ್ನೂ ಇವೆ. ಥೈರಾಯ್ಡ್ ಹೆಚ್ಚಾಗಿ, ಹತೋಟಿಗೆ ಬಾರದೆ ಇರುವವರಿಗೆ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿರುವ ಅಡ್ರಿನಲಿನ್ ವಿಷಯದಲ್ಲಿ ಡಾಕ್ಟರು ಎಚ್ಚರ ವಹಿಸಬೇಕು. ಥೈರಾಯ್ಡ್ ತೀರಾ ಕಡಿಮೆಯಿದ್ದು ಮಾತ್ರೆ ತೆಗೆದುಕೊಳ್ಳದವರಿಗೆ ಮಂಪರಿನ ಔಷಧ ಹೆಚ್ಚಾಗಿ ಹಿಡಿಯುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ನಾಲಿಗೆ ದಪ್ಪವಾಗಿ, ಹಲ್ಲು ತಡವಾಗಿ ಮೂಡುತ್ತದೆ. ಹೆಚ್ಚಾದ ಥೈರಾಯ್ಡ್ ಇಳಿಸಲು ಕಾರ್ಬಿಮಜೋಲ್ ನುಂಗುತ್ತಿರುವವರಿಗೆ ಜ್ವರ, ಗಂಟಲುನೋವು, ಬಾಯಿಹುಣ್ಣು ಕಾಣಿಸಿದರೆ ಬಿ ವಿಟಮಿನ್ ಮಾತ್ರೆ ತಿಂದು ಸುಮ್ಮನಿರಬಾರದು. ಅಪರೂಪಕ್ಕೆ ಆ ಔಷಧ ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ, ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಅಯೋಡಿನ್ ಚಿಕಿತ್ಸೆಗೆ ಮುಂಚೆ ಒಂದೆರಡು ವಾರ ಅಯೋಡಿನ್ ಕಡಿಮೆಯಿರುವ ಪಥ್ಯ ಹೇಳುತ್ತಾರೆ. ಪುಡಿ ಉಪ್ಪು, ಸಮುದ್ರದ ಮೀನು, ಹಾಲು ಬಿಡಬೇಕೆಂದು ಮನೆಯವರೆಲ್ಲ ನೆನಪಿಟ್ಟಿರುತ್ತಾರೆ. ಹಲ್ಲುನೋವಿಗೆ ಬಾಯಿ ಮುಕ್ಕಳಿಸಲು ಕೊಟ್ಟ ಕಂದು ಬಣ್ಣದ ಪೊವಿಡೋನ್ ಔಷಧದಲ್ಲೂ ಅಯೋಡಿನ್ ಇದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಎರಿತ್ರೋಸಿನ್ ಎಂಬ ಕೆಂಪು ಬಣ್ಣದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಯೋಡಿನ್ನೇ. ಕೆಲವು ಮಿಠಾಯಿಗಳಲ್ಲಿ, ಕೇಕಿನ ಮೇಲಿನ ಚೆರ್ರಿಯಲ್ಲಿ, ಹಲ್ಲಿನ ಕೊಳೆ ತೋರಿಸಲು ದಂತವೈದ್ಯರು ಕೊಡುವ ಮಾತ್ರೆಯಲ್ಲಿ ಅದನ್ನು ಬಳಸುತ್ತಾರೆ. ಪಥ್ಯದ ದಿನಗಳಲ್ಲಿ ಇವನ್ನೂ ದೂರವಿಡಬೇಕು.

ವಿಷಯ ತಿಳಿಸುವುದರ ಉಪಕಾರ ಹಲ್ಲಿನ ಡಾಕ್ಟರಿಗೂ ಸ್ಕ್ಯಾನ್ ಮಾಡುವವರಿಗೂ, ಎರಡೂ ಕಡೆ ಇದೆ. ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡಲು ಟೆಕ್ನಿಷಿಯಂ ಚುಚ್ಚಿ ಬೋನ್ ಸ್ಕ್ಯಾನ್ ಮಾಡುವಾಗ ದವಡೆಯಲ್ಲೊಂದು ಕಪ್ಪು ಚುಕ್ಕೆ ಮೂಡಬಹುದು. ಎಷ್ಟೋ ಸಲ ಅದು ಬೇರಿನಲ್ಲಿ ಕೀವು ಕಟ್ಟಿದ ಹಲ್ಲು, ಇಲ್ಲವೇ ಹೊಸದಾಗಿ ಕಿತ್ತ ಹಲ್ಲಿನ ಗುಳಿ. ಹಲ್ಲು ಕೀಳಿಸಿದ ವಿಷಯ ಮೊದಲೇ ತಿಳಿಸಿದ್ದರೆ ರೋಗಿಯ ಮನೆಯವರು ಒಂದು ವಾರ ನಿದ್ದೆಗೆಡುವುದು ತಪ್ಪುತ್ತದೆ.

ವೈದ್ಯಶಾಸ್ತ್ರ ಬೆಳೆಯುತ್ತ ಅಂಗಕ್ಕೊಬ್ಬರಂತೆ ತಜ್ಞರು ಬಂದಿದ್ದಾರೆ, ಅದರಿಂದ ನಮಗೆ ಒಳ್ಳೆಯದೇ ಆಗಿದೆ. ಆದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಇಬ್ಬರನ್ನೂ ಬಲ್ಲವರು ರೋಗಿ ಮತ್ತು ಮನೆಯವರು ಮಾತ್ರ. ಆದ್ದರಿಂದ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯಲ್ಲಿ ಯಾರಿಗಾದರೂ ವಿಕಿರಣ ಅಯೋಡಿನ್ ಕೊಡುವುದೆಂದು ಗೊತ್ತಾದರೆ, ಅದಕ್ಕೆ ಮೊದಲೇ ಹಲ್ಲು ತೋರಿಸಿ, ತುಂಬಬೇಕಾದದ್ದನ್ನು ತುಂಬಿಸಿ, ಕೀಳಬೇಕಾದದ್ದನ್ನು ಕೀಳಿಸಿ. ನಿಂಬೆ ಪೆಪ್ಪರಮಿಂಟು ಯಾವಾಗ ಚೀಪಬೇಕೆಂದು ಡಾಕ್ಟರನ್ನೇ ಕೇಳಿ. ಚೆನ್ನಾಗಿ ನೀರು ಕುಡಿಸಿ. ಆಮೇಲೆ ಬಾಯಿ ಒಣಗಿದರೆ ವಯಸ್ಸಾಯಿತೆಂದು ಸುಮ್ಮನಾಗದೆ ಹೇಳಿ, ಆರು ತಿಂಗಳಿಗೊಮ್ಮೆ ಹಲ್ಲು ನೋಡಿಸಿ, ಫ್ಲೋರೈಡ್ ಬೇಕೇ ಎಂದು ವಿಚಾರಿಸಿ. ಹಲ್ಲಿನ ಡಾಕ್ಟರ ಬಳಿ ಹೋಗುವಾಗ ಥೈರಾಯ್ಡ್ ಫೈಲನ್ನು ಜತೆಗೆ ಒಯ್ಯಿರಿ.