ಕ್ಯಾಸಲ್‌ರಾಕ್ ದಾಟಿ ಗಾಲೆಗೆ

ಹುಬ್ಬಳ್ಳಿ ಬಿಟ್ಟಾಗ ಅಕ್ಕನ ಮಡಿಲಲ್ಲಿ ಬಣ್ಣಬಣ್ಣದ ಕಾಗದವೊಂದಿತ್ತು. ಪ್ರವಾಸದ ಏಜೆಂಟರೊಬ್ಬರು ಕೊಟ್ಟದ್ದು. ಏಳು ದಿನ, ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್. ಬೆಳಿಗ್ಗೆ ಐದಕ್ಕೆ ಏಳಬೇಕು, ರಾತ್ರಿ ಹತ್ತಕ್ಕೆ ಹೋಟೆಲು ಸೇರಬೇಕು. ಅಕ್ಕ ಜೀವನವಿಡೀ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಭಾವನ ಮೊಣಕಾಲಿಗೆ ಮೆಟ್ಟಿಲು ಆಗಿಬರುವುದಿಲ್ಲ. ಇಬ್ಬರೂ ಈವರೆಗೆ ದೇಶದ ಗಡಿ ದಾಟಿಲ್ಲ.

“ಏಳ್ ದಿನದಾಗ ಮೂರ್ ದೇಶಾ? ಕುಂತು ಒಂದ್ ಕಪ್ ಚಹಾ ಕುಡ್ಯಾಕರ ಟೈಮ್ ಸಿಗ್ತದೇನು?” ಎಂದು ಅಕ್ಕ ಕಾಗದ ಮಡಚಿ ಚೀಲಕ್ಕೆ ತುರುಕಿದಳು.

ಅವರ ಕೈಯಲ್ಲಿದ್ದದ್ದು ಫೆಬ್ರುವರಿಯ ಒಂದು ವಾರ. ಮನಸ್ಸು ಮೂರು ಕಡೆ ಎಳೆಯುತ್ತಿತ್ತು: ನೇಪಾಳ, ಭೂತಾನ್, ಶ್ರೀಲಂಕಾ. ತೀರ್ಮಾನಕ್ಕೆ ಮೊದಲು ನಾಲ್ಕು ದಿನ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಸುತ್ತಿ ಬರೋಣವೆಂದು ನಾನೇ ಹೊರಡಿಸಿದ್ದೆ. ದಿನಕ್ಕೆ ಎಷ್ಟು ಹೊತ್ತು ಕಾರಿನಲ್ಲಿ ಕೂರಬಲ್ಲರು, ಯಾವುದನ್ನು ಕಂಡರೆ ಅವರ ಕಾಲು ತಾನಾಗಿ ನಿಲ್ಲುತ್ತದೆ ಎಂಬುದು ಮನೆಯ ಹತ್ತಿರವೇ ಗೊತ್ತಾಗಲಿ ಎಂಬುದು ನನ್ನ ಲೆಕ್ಕ.

ಮುಂಡಗೋಡ ಪೇಟೆ ದಾಟಿ ಸ್ವಲ್ಪ ದೂರ ಹೋದರೆ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳ ನಡುವೆ ಚಿನ್ನದ ಬಣ್ಣದ ಮಾಡು ಮೇಲೇಳುತ್ತದೆ. ಟಿಬೆಟನ್ನರ ಡೋಗುಲಿಂಗ್ ವಸಾಹತು ಇಲ್ಲಿ ಶುರುವಾದದ್ದು 1966ರಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಲ್ಹಾಸಾದ ಸುತ್ತಮುತ್ತ ಇದ್ದ ಗಾಂದೆನ್, ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳು ಈ ನೆಲದಲ್ಲಿ ಮತ್ತೆ ಕಟ್ಟಿಕೊಂಡವು. ಊರುಗಳಿಗೆ ಹೆಸರಿಗಿಂತ ನಂಬರೇ ರೂಢಿ: ಒಂದನೇ ಕ್ಯಾಂಪು, ಎರಡನೇ ಕ್ಯಾಂಪು.

ಮಧ್ಯಾಹ್ನ ಕಳೆದ ಮೇಲೆ ವಿಹಾರವೊಂದರ ಅಂಗಳದಲ್ಲಿ ತರ್ಕದ ಪಾಠ ನಡೆದಿತ್ತು. ಒಬ್ಬ ನೆಲದ ಮೇಲೆ ಕೂತಿದ್ದ. ಇನ್ನೊಬ್ಬ ಎದುರು ನಿಂತು ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈ ಮೇಲೆ ಚಟ್ಟನೆ ಬಡಿದು ಪ್ರಶ್ನೆ ಎಸೆಯುತ್ತಿದ್ದ. ಉತ್ತರ ತಡವಾದರೆ ಸುತ್ತ ನಿಂತವರದೂ ಗದ್ದಲ. ಅಂಥ ಐವತ್ತು ಜೋಡಿಗಳ ಚಪ್ಪಾಳೆ ಒಟ್ಟಿಗೆ ಕೇಳಿದಾಗ ಮಳೆ ಹೊಡೆದಂತಿತ್ತು. ಪಾಠ ಮಾಡಿದ ಕೈಯಲ್ಲವೇ ಅಕ್ಕನದು, ಒಂದು ಗಂಟೆ ಅಲ್ಲಿಂದ ಕದಲಲಿಲ್ಲ.

ಆಮೇಲೆ ಮೊಮೊ ತಿನ್ನಲು ಕೂತ ಪುಟ್ಟ ಅಂಗಡಿಯಲ್ಲಿ ನಡುವಯಸ್ಸಿನ ಒಡತಿ ಸಲೀಸಾದ ಕನ್ನಡದಲ್ಲಿ ಮಾತಿಗಿಳಿದರು. ಅವರು ಹುಟ್ಟಿದ್ದೇ ಈ ಕ್ಯಾಂಪಿನಲ್ಲಿ. ಟಿಬೆಟ್ ನೋಡಿಲ್ಲ. ಅಕ್ಕ ವಿದೇಶಕ್ಕೆ ಹೊರಟಿದ್ದಾಳೆಂದು ತಿಳಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ, “ಪಾಸ್‌ಪೋರ್ಟ್ ಆಯ್ತಾ?” ಎಂದು. ನಿರಾಶ್ರಿತರಾಗಿ ಇರುವ ಟಿಬೆಟನ್ನರಿಗೆ ನಮ್ಮ ಪಾಸ್‌ಪೋರ್ಟ್ ಇಲ್ಲ. ಹೊರದೇಶಕ್ಕೆ ಹೋಗಬೇಕಾದರೆ ಭಾರತ ಸರ್ಕಾರ ಕೊಡುವ ಹಳದಿ ಹೊದಿಕೆಯ ಗುರುತಿನ ಪುಸ್ತಕ ಬೇಕು. ಇತ್ತ ವಿದೇಶಿಯರು ಈ ವಸಾಹತಿಗೆ ಬರಬೇಕೆಂದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಮೊದಲೇ ಪಡೆದಿರಬೇಕು. ಹುಬ್ಬಳ್ಳಿಯವರಾದ ನಾವು ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟು ಯಾರನ್ನೂ ಕೇಳದೆ ಒಳಗೆ ಬಂದಿದ್ದೆವು. ಗಡಿ ಎಂಬುದು ಯಾರಿಗೆ ಎಷ್ಟು ಎತ್ತರ ಎಂಬುದು ಅಲ್ಲಿ ಕೂತಾಗ ನಮಗೆ ಅರ್ಥವಾಯಿತು.

ಅಂದು ರಾತ್ರಿ ಅಕ್ಕನ ವೋಟು ಭೂತಾನಿಗೆ.

ಹಳಿಯಾಳದ ಕಡೆಯ ದಾರಿ ಸಿದ್ದಿಯರ ಊರುಗಳನ್ನು ಹಾದುಹೋಗುತ್ತದೆ. ಪೂರ್ವ ಆಫ್ರಿಕಾದಿಂದ ಅರಬರೂ ಪೋರ್ಚುಗೀಸರೂ ಗುಲಾಮರನ್ನಾಗಿ ತಂದವರ ಸಂತತಿ ಇದು. ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು ಈ ಕಾಡುಗಳಲ್ಲಿ ನೆಲೆ ನಿಂತರು. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾಗಳಲ್ಲಿ ಕನ್ನಡ, ಕೊಂಕಣಿ, ಉರ್ದು ಆಡುತ್ತ ಬದುಕಿದ್ದಾರೆ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನೇಮಕವಾದರು. ಅಲ್ಲಿಯವರೆಗೆ ಈ ಸಮುದಾಯದವರು ಯಾರೂ ಶಾಸಕರಾಗಿರಲಿಲ್ಲ.

ಒಂದು ಮನೆಯ ಜಗುಲಿಯಲ್ಲಿ ಹೆಂಗಸೊಬ್ಬರು ಕೌದಿ ಹೊಲಿಯುತ್ತಿದ್ದರು. ಹಳೆ ಸೀರೆ, ಲುಂಗಿ, ಮಕ್ಕಳ ಅಂಗಿಯ ತುಂಡುಗಳು. ಹೊಲಿಗೆ ಶುರುವಾಗುವುದು ಅಂಚಿನಿಂದ; ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ‘ಫುಲಾ’, ಎಂದರೆ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಅಕ್ಕ ಆ ಮೂಲೆಯನ್ನು ಬೆರಳಲ್ಲಿ ಸವರುತ್ತ ಆಫ್ರಿಕಾಕ್ಕೇ ಹೋದರೆ ಹೇಗೆ ಎಂದಳು. ಆಸೆ ದೊಡ್ಡದೇ. ಆದರೆ ಕೀನ್ಯಾ, ಉಗಾಂಡಕ್ಕೆ ಹೋಗುವವರು ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಅಷ್ಟು ದೂರ ಹೋಗಿ ಒಂದು ವಾರಕ್ಕೆ ಮರಳುವುದರಲ್ಲೂ ಅರ್ಥವಿಲ್ಲ. ಅದನ್ನು ಮುಂದಿನ ಸಲಕ್ಕೆ ಎತ್ತಿಟ್ಟೆವು.

ದಾಂಡೇಲಿಯಲ್ಲಿ ರಾಫ್ಟಿಂಗ್‌ಗೆ ಬಂದವರ ಗೌಜು ಜೋರಿತ್ತು. ಅಕ್ಕ, ಭಾವನಿಗೆ ಬೇಕಾದದ್ದು ಬೇರೆ. ನಸುಕಿನಲ್ಲಿ ಟಿಂಬರ್ ಡಿಪೋದ ಬಳಿ ನಿಂತರೆ ತಲೆಯ ಮೇಲೆ ರೆಕ್ಕೆಯ ಸದ್ದು ಭಾರವಾಗಿ ಹಾದುಹೋಗುತ್ತದೆ, ಹಳೆಯ ಫ್ಯಾನು ತಿರುಗಿದಂತೆ. ಮಂಗಟ್ಟೆ. ಈ ಸೀಮೆಯಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ, 2018ರಿಂದ ಅವುಗಳ ಹೆಸರಿನಲ್ಲಿ ಹಬ್ಬವೂ ಶುರುವಾಯಿತು. ಹಳದಿ ಕೊಕ್ಕಿನ ಮೇಲೆ ಕಪ್ಪು ಮಚ್ಚೆಯ ಶಿಖೆ ಹೊತ್ತ ಮಲಬಾರ್ ಕಪ್ಪು-ಬಿಳಿ ಮಂಗಟ್ಟೆಯೊಂದು ಆಲದ ಹಣ್ಣು ಕಿತ್ತು, ಮೇಲಕ್ಕೆ ಚಿಮ್ಮಿ, ಬಾಯೊಳಗೆ ಬೀಳಿಸಿಕೊಂಡಿತು. ಇದೇ ಹಕ್ಕಿ ಶ್ರೀಲಂಕಾದ ಕಾಡುಗಳಲ್ಲೂ ಇದೆ ಎಂದು ಹೇಳಿದೆ. ಭಾವ ದುರ್ಬೀನು ಕೆಳಗಿಳಿಸಿ ನನ್ನ ಮುಖ ನೋಡಿದರು.

ಮೂರನೆಯ ದಿನಕ್ಕೆ ಅವರ ಅಳತೆ ಸಿಕ್ಕಿತ್ತು. ಎರಡು ತಾಸು ಕಾರಿನಲ್ಲಿ ಕೂತರೆ ಖುಷಿ; ಮೂರು ದಾಟಿದರೆ ಭಾವನ ಕಾಲು ಮರಗಟ್ಟುತ್ತಿತ್ತು. ದಿನವೂ ಹೋಟೆಲು ಬದಲಿಸಿ ಚೀಲ ಕಟ್ಟುವುದು ಅಕ್ಕನಿಗೆ ಬೇಸರ. ನಕ್ಷೆಯಲ್ಲಿ ಕಿಲೋಮೀಟರು ಕಡಿಮೆ ಕಂಡರೂ ಗಣೇಶಗುಡಿಯ ತಿರುವುಗಳು ಸಮಯ ನುಂಗುತ್ತವೆ. ನೇಪಾಳ ಪಟ್ಟಿಯಿಂದ ಬಿದ್ದುಹೋದದ್ದು ಅಲ್ಲಿಯೇ: ಕಠ್ಮಂಡುವಿನಿಂದ ಪೋಖರಾಕ್ಕೆ ಸುಮಾರು 200 ಕಿಲೋಮೀಟರು, ರಸ್ತೆಯಲ್ಲಿ ಏಳೆಂಟು ತಾಸು. ಪಾಸ್‌ಪೋರ್ಟ್ ಬೇಡ, ಮತದಾರರ ಚೀಟಿ ಸಾಕು ಎಂಬ ಸಲೀಸು ಮೊಣಕಾಲಿಗೆ ಉಪಯೋಗಕ್ಕೆ ಬರುವುದಿಲ್ಲ.

ಸೂಪಾ ಅಣೆಕಟ್ಟಿನ ಹಿಂದೆ ಕಾಳಿ ನದಿ ಸಮುದ್ರದಂತೆ ನಿಂತಿದೆ. ಅಣೆಕಟ್ಟಿನ ಎತ್ತರ 101 ಮೀಟರು. ಜೋಯಿಡಾಕ್ಕೆ ಮೊದಲು ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರು ಈ ನೀರಿನಡಿಯಲ್ಲಿದೆ. ಮುಳುಗಡೆಯವರು ರಾಮನಗರದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. ನಮ್ಮ ಮನೆಗಳ ದೀಪಕ್ಕಾಗಿ ತಮ್ಮ ಊರನ್ನೇ ಬಿಟ್ಟುಕೊಟ್ಟವರು ಅವರು. ಇಲ್ಲಿ ಸೆಲ್ಫಿ ತೆಗೆದುಕೊಂಡು ಹೊರಡುವವರು ಅಷ್ಟನ್ನಾದರೂ ತಿಳಿದು ಹೋಗಬೇಕು.

ಕೊನೆಯ ದಿನ ಕ್ಯಾಸಲ್‌ರಾಕ್. ಜೋಯಿಡಾ ತಾಲ್ಲೂಕಿನ ಅಂಚಿನ ಈ ರೈಲು ನಿಲ್ದಾಣದಲ್ಲಿ ಮಂಜು ಹಳಿಯವರೆಗೂ ಇಳಿದಿತ್ತು. ಇಲ್ಲಿಂದ ಮರ್ಮುಗೋವಾ ಬಂದರಿಗೆ ಹೋಗುವ ಹಳಿ 1888ರದ್ದು. ಆಗ ಇದು ಬ್ರಿಟಿಷ್ ಇಂಡಿಯಾದ ಕೊನೆಯ ನಿಲ್ದಾಣ. ಘಟ್ಟದ ಕೆಳಗೆ ಪೋರ್ಚುಗಲ್ಲಿನ ಆಳ್ವಿಕೆ. ಈಚೆಗೊಂದು ಸುಂಕದ ಕಟ್ಟೆ, ಆಚೆ ಕುಳೆಯಲ್ಲಿ ಇನ್ನೊಂದು. 1955ರಲ್ಲಿ ಗಡಿ ಮುಚ್ಚಿ ರೈಲು ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾದ ಮೇಲೆ ಈ ಗೆರೆ ಅಳಿಯಿತು. ಹುಬ್ಬಳ್ಳಿ ಧಾರವಾಡದ ಕಡೆಯ ಎಷ್ಟೋ ವ್ಯಾಪಾರಿಗಳ, ಕೂಲಿಗಳ ಮೊದಲ ವಿದೇಶ ಪ್ರಯಾಣ ಈ ಪ್ಲಾಟ್‌ಫಾರ್ಮಿನಿಂದಲೇ ಆದದ್ದು. ಕಲ್ಲಿನ ಬೆಂಚಿನ ಮೇಲೆ ಕೂತು ಅಕ್ಕ ಫ್ಲಾಸ್ಕಿನ ಚಹಾ ಬಗ್ಗಿಸಿದಳು. ತೀರ್ಮಾನದ ಮಾತು ಬಂದದ್ದು ಅಲ್ಲಿ.

ಭೂತಾನಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಸಾಕು. ಆದರೆ ಭಾರತೀಯರಿಗೂ ರಾತ್ರಿಗೆ ತಲಾ 1,200 ರೂಪಾಯಿ ಅಭಿವೃದ್ಧಿ ಶುಲ್ಕವಿದೆ. ಪಾರೊ ವಿಮಾನ ನಿಲ್ದಾಣ ಇರುವುದೇ 2,200 ಮೀಟರಿಗಿಂತ ಮೇಲೆ. ತಕ್ತ್‌ಸಾಂಗ್ ವಿಹಾರ ನೋಡಬೇಕೆಂದರೆ 3,000 ಮೀಟರು ದಾಟಿ ಹತ್ತಬೇಕು. ಹುಬ್ಬಳ್ಳಿಯಿಂದ ದೆಹಲಿಯೋ ಕೋಲ್ಕತ್ತವೋ ಸೇರಿ ಅಲ್ಲಿಂದ ಹಾರಬೇಕು. ಹೋಗಿ ಬರುವುದಕ್ಕೇ ಎರಡು ಮೂರು ದಿನ ಸವೆಯುತ್ತದೆ. ಅಕ್ಕನಿಗೆ ಬೇಕಿದ್ದ ಬೌದ್ಧ ವಿಹಾರವೋ, ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿಯಲ್ಲಿದೆ, ಬೇಕೆಂದಾಗ ಬಂದು ಕೂರಬಹುದು.

ಶ್ರೀಲಂಕಾಕ್ಕೆ ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ತಾಸಿನ ಹಾದಿ. ಆದರೆ ಆ ಪುಟ್ಟ ದ್ವೀಪದಲ್ಲೂ ಪ್ರದೇಶ ಆರಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಕರಾವಳಿ ತೋಯುತ್ತದೆ. ಆಗ ಹೋಗುವವರು ಪೂರ್ವದ ತ್ರಿಂಕೋಮಲಿ ನೋಡಬೇಕು. ಡಿಸೆಂಬರಿನಿಂದ ಮಾರ್ಚಿಗೆ ಲೆಕ್ಕ ಉಲ್ಟಾ. ಫೆಬ್ರುವರಿ ಎಂದರೆ ನೈಋತ್ಯ ಕರಾವಳಿಯ ಗಾಲೆಯಲ್ಲಿ ಕಡಲು ಶಾಂತ. ಪೋರ್ಚುಗೀಸರು ಶುರು ಮಾಡಿ, 1640ರಲ್ಲಿ ಗೆದ್ದ ಡಚ್ಚರು ಬಲಪಡಿಸಿದ ಕೋಟೆಯೊಳಗೆ ಇಂದಿಗೂ ಜನ ವಾಸಿಸುತ್ತಾರೆ. ಸಂಜೆ ಕೋಟೆಯ ಗೋಡೆ ಮೇಲೆ ಮೆಲ್ಲಗೆ ನಡೆಯಬಹುದು. ಕೆಳಗೇ ಕ್ರಿಕೆಟ್ ಮೈದಾನ; 2010ರಲ್ಲಿ ಮುರಳೀಧರನ್ 800ನೇ ಟೆಸ್ಟ್ ವಿಕೆಟ್ ಪಡೆದದ್ದು ಅಲ್ಲಿ, ಭಾರತದ ವಿರುದ್ಧ. ಭಾವ ಆ ಪಂದ್ಯವನ್ನು ಟೀವಿಯಲ್ಲಿ ನೋಡಿದ್ದರು. ಅವರ ವೋಟು ಕೇಳುವ ಅಗತ್ಯವೇ ಬೀಳಲಿಲ್ಲ.

ಕ್ಯಾಂಡಿ, ಸಿಗಿರಿಯ, ನುವಾರ ಎಲಿಯ ಎಲ್ಲವನ್ನೂ ಸೇರಿಸೋಣವೆಂದು ನಾನೇ ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿದಳು. ಒಂದೇ ಊರು, ಒಂದೇ ಕೋಣೆ, ಐದು ರಾತ್ರಿ. ಬೇಕಾದರೆ ಒಂದು ದಿನ ಕಡಲಂಚಿನ ರೈಲು ಹತ್ತಿ ಬರುವುದು. ಮೊದಲ ಸಲ ಹೊರಡುವ ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಯೋಜನೆ ನನಗೆ ತೋಚುವುದಿಲ್ಲ.

ಮರುವಾರ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಇಬ್ಬರೂ ಹೋಗಿಬಂದರು. 36 ಪುಟದ ಪುಸ್ತಕ, ಹತ್ತು ವರ್ಷದ ಅವಧಿ. ಗಾಲೆಯ ಕೋಣೆ ಕಾದಿರಿಸಿದ್ದಾಗಿದೆ.